ಕೇಳಿದವರಿಗೆ ಉತ್ತರ: ಸಂದೇಹದ ನಾಡಿನಲ್ಲಿ ಕ್ರೈಸ್ತ ವಿಶ್ವಾಸ

(ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಯುಗಾದಿಗೂ ದೀಪಾವಳಿಗೂ ರಾಜ್ಯೋತ್ಸವಕ್ಕೂ ಒಂದುಗೂಡುವ ಈ ಬಳಗವು ಕ್ರೈಸ್ತ ವಿಶ್ವಾಸದ ಕುರಿತು ಮಾತನಾಡಲು ನನ್ನನ್ನು ಆಹ್ವಾನಿಸಿರುವುದು ತಮ್ಮೆಲ್ಲರ ಹೃದಯವೈಶಾಲ್ಯಕ್ಕೆ ಸಾಕ್ಷಿಯಾಗಿದೆ. ನಾನು ಧರ್ಮಶಾಸ್ತ್ರದ ಪಂಡಿತನಲ್ಲ. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೆಸಿಡೆಂಟ್ ಆಗಿ ಹಗಲಿರುಳು ತರಬೇತಿ ಪಡೆದು, ಇಲ್ಲಿಯೇ ನೆಲೆಸಿದ ಒಬ್ಬ ವೈದ್ಯ. ಜೊತೆಗೆ ಯೇಸುಸ್ವಾಮಿಯಲ್ಲಿ ವಿಶ್ವಾಸವಿಟ್ಟು ಬೆಳೆದ ಒಬ್ಬ ಕನ್ನಡಿಗ. ಯಾರನ್ನೂ ನನ್ನ ಮತಕ್ಕೆ ಸೆಳೆಯುವುದು ಈ ಭಾಷಣದ ಉದ್ದೇಶವಲ್ಲವೆಂದು ಮೊದಲೇ ನಿವೇದಿಸಿಕೊಳ್ಳುತ್ತೇನೆ. ದೇವರನ್ನು ನಂಬುವುದು ಬುದ್ಧಿವಂತರಿಗೆ ತಕ್ಕುದಲ್ಲವೆಂಬ ಭಾವನೆ ಬಲವಾಗಿರುವ ಸಮಾಜದಲ್ಲಿ, ನಂಬುವವನು ತನ್ನ ವಿಶ್ವಾಸವನ್ನು ಹೇಗೆ ಸಮರ್ಥಿಸಿಕೊಳ್ಳಬೇಕು ಎಂಬುದಷ್ಟೇ ಇಂದಿನ ವಿಷಯ. ನಾನು ಕ್ರೈಸ್ತನಾಗಿ ಉತ್ತರಿಸುತ್ತೇನೆ. ಆದರೆ ಪ್ರಶ್ನೆ ಇಲ್ಲಿರುವ ಪ್ರತಿಯೊಂದು ಮನೆಯದೂ ಆಗಿದೆ.

ಮೊದಲು ನಾವು ನಿಂತಿರುವ ನೆಲವನ್ನು ನೋಡೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 2001ರ ಜನಗಣತಿಯಲ್ಲಿ ಶೇ. 72ರಷ್ಟು ಜನ ತಾವು ಕ್ರೈಸ್ತರೆಂದು ಬರೆಸಿದ್ದರು. 2021ರಲ್ಲಿ ಆ ಸಂಖ್ಯೆ ಶೇ. 46ಕ್ಕೆ ಇಳಿಯಿತು. ಯಾವ ಧರ್ಮವೂ ತಮಗಿಲ್ಲವೆಂದವರು ಇದೇ ಅವಧಿಯಲ್ಲಿ ಶೇ. 15ರಿಂದ ಶೇ. 37ಕ್ಕೆ ಏರಿದರು. ಇಪ್ಪತ್ತು ವರ್ಷಗಳೆಂದರೆ ನಮ್ಮ ಒಂದು ಮಗು ಹುಟ್ಟಿ ವಿಶ್ವವಿದ್ಯಾಲಯ ಸೇರುವಷ್ಟು ಕಾಲ. ಆ ಮಗು ನಮ್ಮ ಮನೆಯಲ್ಲಿ ಪ್ರಾರ್ಥನೆಯನ್ನು ಕೇಳುತ್ತ ಬೆಳೆಯುತ್ತದೆ, ಹೊರಗೆ ಅದರ ಬಗ್ಗೆ ಮುಗುಳ್ನಗೆಯನ್ನು ಕಾಣುತ್ತ ಬೆಳೆಯುತ್ತದೆ. ಇದನ್ನು ಕಿರುಕುಳವೆನ್ನುವುದು ಸರಿಯಲ್ಲ. ಈ ದೇಶದಲ್ಲಿ ನಮ್ಮನ್ನು ಯಾರೂ ದೇವಾಲಯಕ್ಕೆ ಹೋಗದಂತೆ ತಡೆಯುತ್ತಿಲ್ಲ. ನಮಗೆ ಎದುರಾಗಿರುವುದು ಹಿಂಸೆಯಲ್ಲ, ಪ್ರಶ್ನೆ. ಪ್ರಶ್ನೆಗೆ ಕೋಪವು ಉತ್ತರವಾಗಲಾರದು.

ವಿಶ್ವಾಸದ ಸಮರ್ಥನೆಗೆ ಗ್ರೀಕ್ ಭಾಷೆಯಲ್ಲಿ ‘ಅಪೊಲೊಗಿಯಾ’ ಎಂಬ ಪದವಿದೆ. ನ್ಯಾಯಾಲಯದಲ್ಲಿ ಆರೋಪಿಯು ತನ್ನ ಪರವಾಗಿ ಆಡುವ ಮಾತಿಗೆ ಆ ಹೆಸರು. ಅಥೆನ್ಸ್‌ನಲ್ಲಿ ಸಾಕ್ರಟೀಸನು ಆಡಿದ ಮಾತಿಗೂ ಅದೇ ಹೆಸರು. ಅಪೊಸ್ತಲನಾದ ಪೇತ್ರನ ಮೊದಲನೆಯ ಪತ್ರಿಕೆಯಲ್ಲಿ ಈ ಪದವನ್ನು ಬಳಸಿ ವಿಶ್ವಾಸಿಗಳಿಗೊಂದು ಬುದ್ಧಿವಾದ ಹೇಳಲಾಗಿದೆ. ಅದರಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಉತ್ತರ ಹೇಳಬೇಕಾದುದು ಕೇಳಿದವರಿಗೆ. ಎರಡನೆಯದು, ಹೇಳಬೇಕಾದುದು ಕಾರಣವನ್ನು. ಮೂರನೆಯದು, ಅದನ್ನು ಸೌಮ್ಯತೆಯಿಂದಲೂ ಗೌರವದಿಂದಲೂ ಹೇಳಬೇಕು. ಕುತೂಹಲದ ಸಂಗತಿಯೆಂದರೆ, ಈ ದೇಶದ ಜನರಲ್ ಮೆಡಿಕಲ್ ಕೌನ್ಸಿಲ್ ವೈದ್ಯರಿಗೆ ವಿಧಿಸಿರುವ ನಿಯಮವೂ ಹೆಚ್ಚುಕಡಿಮೆ ಹೀಗೆಯೇ ಇದೆ. ರೋಗಿಯು ತಾನಾಗಿ ಕೇಳಿದರೆ, ಅಥವಾ ಅಂತಹ ಮಾತು ತನಗೆ ಬೇಕೆಂದು ಸೂಚಿಸಿದರೆ ಮಾತ್ರ ವೈದ್ಯನು ತನ್ನ ಧಾರ್ಮಿಕ ನಂಬಿಕೆಯನ್ನು ಪ್ರಸ್ತಾಪಿಸಬಹುದು. ಹಾಸಿಗೆ ಹಿಡಿದವನ ಅಸಹಾಯಕತೆಯನ್ನು ಬೋಧನೆಗೆ ಬಳಸಿಕೊಳ್ಳಬಾರದು. ಈ ನಿಯಮ ನನ್ನ ವಿಶ್ವಾಸಕ್ಕೆ ಅಡ್ಡಿಯೆಂದು ನನಗೆ ಎಂದೂ ಅನ್ನಿಸಿಲ್ಲ. ಅದು ಪೇತ್ರನ ಮಾತಿಗೆ ಹತ್ತಿರವಾದುದೆಂದೇ ನಾನು ತಿಳಿಯುತ್ತೇನೆ.

ಈಗ ‘ಕಾರಣ’ವೆಂಬ ಪದಕ್ಕೆ ಬರೋಣ. ನಮ್ಮಲ್ಲಿ ಅನೇಕರು ವಿಶ್ವಾಸವನ್ನು ಉಳಿಸಿಕೊಳ್ಳುವ ಅವಸರದಲ್ಲಿ ವಿಜ್ಞಾನದ ಹೆಸರಿನ ಯಾವ ಸುದ್ದಿ ಸಿಕ್ಕರೂ ಅದನ್ನು ಎತ್ತಿ ಹಿಡಿಯುತ್ತೇವೆ. ಪ್ರಾರ್ಥನೆಯ ಫಲವನ್ನು ಅಳೆಯಲು ನಡೆದ ಸಂಶೋಧನೆಗಳನ್ನೇ ನೋಡಿ. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 393 ಹೃದ್ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 1988ರಲ್ಲಿ ಪ್ರಕಟವಾಯಿತು. ದೂರದಿಂದ ಇತರರು ಯಾರಿಗಾಗಿ ಪ್ರಾರ್ಥಿಸಿದ್ದರೋ ಆ ರೋಗಿಗಳು ತುಸು ಮೇಲಾಗಿ ಚೇತರಿಸಿಕೊಂಡರೆಂದು ಅದು ಹೇಳಿತು. ಎಷ್ಟೋ ಸಭೆಗಳಲ್ಲಿ ಇದನ್ನು ಹರ್ಷದಿಂದ ಸಾರಲಾಯಿತು. ಬಳಿಕ ಅಮೆರಿಕದ ಆರು ಆಸ್ಪತ್ರೆಗಳಲ್ಲಿ, ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1802 ರೋಗಿಗಳ ಮೇಲೆ ಇನ್ನೂ ಕಟ್ಟುನಿಟ್ಟಾದ ಅಧ್ಯಯನ ನಡೆದು, 2006ರಲ್ಲಿ ಫಲಿತಾಂಶ ಹೊರಬಂದಿತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯದವರಲ್ಲಿ, ಪ್ರಾರ್ಥನೆ ಪಡೆದವರ ಪೈಕಿ ಶೇ. 52ರಷ್ಟು ಜನರಿಗೆ, ಪಡೆಯದವರ ಪೈಕಿ ಶೇ. 51ರಷ್ಟು ಜನರಿಗೆ ತೊಡಕುಗಳು ಕಂಡವು. ಅಂದರೆ ವ್ಯತ್ಯಾಸವಿಲ್ಲ. ತಮಗಾಗಿ ಪ್ರಾರ್ಥಿಸುತ್ತಿದ್ದಾರೆಂದು ಖಚಿತವಾಗಿ ತಿಳಿದಿದ್ದವರಲ್ಲಿ ತೊಡಕು ಶೇ. 59ಕ್ಕೆ ಏರಿತ್ತು.

ಮೊದಲನೆಯ ಅಧ್ಯಯನವನ್ನು ಸಾರಿದವನು ಎರಡನೆಯದನ್ನೂ ಸಾರಬೇಕು. ತನಗೆ ಅನುಕೂಲವಾದ ಪರೀಕ್ಷೆಯನ್ನು ಇಟ್ಟುಕೊಂಡು, ಪ್ರತಿಕೂಲವಾದುದನ್ನು ಮುಚ್ಚಿಡುವ ವೈದ್ಯನ ಕೈಗೆ ತಾವು ತಮ್ಮ ಜೀವವನ್ನು ಒಪ್ಪಿಸುವಿರಾ? ಹಾಗೆ ಮಾಡುವ ವಿಶ್ವಾಸಿಯ ಕೈಗೆ ನಮ್ಮ ಮಕ್ಕಳು ತಮ್ಮ ಮನಸ್ಸನ್ನು ಏಕೆ ಒಪ್ಪಿಸಬೇಕು? ಪ್ರಾರ್ಥನೆಯು ಮಾತ್ರೆಯಲ್ಲ, ಇಷ್ಟು ಮಿಲಿಗ್ರಾಂ ಕೊಟ್ಟರೆ ಇಷ್ಟು ಗುಣ ಎನ್ನಲು. ಇದನ್ನು ನಾನು ಸೋತ ಮೇಲೆ ಹುಡುಕಿದ ನೆಪವಾಗಿ ಹೇಳುತ್ತಿಲ್ಲ. ಯೇಸುವು ಬಂಧನಕ್ಕೊಳಗಾಗುವ ಮುನ್ನ ಗೆತ್ಸೇಮನೆ ತೋಟದಲ್ಲಿ ತನ್ನ ಸಂಕಟವು ನೀಗಲೆಂದು ಪ್ರಾರ್ಥಿಸಿದನು. ಆ ಸಂಕಟವು ನೀಗಲಿಲ್ಲ. ಕ್ರೈಸ್ತ ಧರ್ಮದ ಕೇಂದ್ರದಲ್ಲಿಯೇ ಬೇಡಿದಂತೆ ಈಡೇರದ ಪ್ರಾರ್ಥನೆಯೊಂದಿದೆ. ಅಂತಹ ಧರ್ಮವು ಆಸ್ಪತ್ರೆಯ ಅಂಕಿಅಂಶಗಳಿಂದ ತನ್ನ ದೇವರನ್ನು ಸಾಬೀತುಪಡಿಸಹೊರಡುವುದು ತನ್ನನ್ನು ತಾನೇ ಮರೆತಂತೆ.

ಹಾಗಾದರೆ ಕ್ರೈಸ್ತನು ಕೊಡಬಲ್ಲ ಕಾರಣವೇನು? ರಾತ್ರಿ ಪಾಳಿಯಲ್ಲಿ ಒಬ್ಬ ಕಿರಿಯ ಸಹೋದ್ಯೋಗಿ ನನ್ನನ್ನು ನೇರವಾಗಿ ಕೇಳಿದ್ದುಂಟು: “ಡಾಕ್ಟರೇ, ಸಾಕ್ಷ್ಯವಿಲ್ಲದೆ ಒಂದು ಆಂಟಿಬಯಾಟಿಕ್ ಬರೆಯಲೂ ನೀವು ಬಿಡುವುದಿಲ್ಲ. ಭಾನುವಾರ ಮಾತ್ರ ಆ ನಿಯಮವನ್ನು ಬಾಗಿಲ ಹೊರಗೆ ಬಿಟ್ಟು ಹೋಗುತ್ತೀರಾ?” ಪ್ರಶ್ನೆ ನ್ಯಾಯವಾದುದು. ನನ್ನ ಉತ್ತರ ಹೀಗಿತ್ತು: ಕ್ರೈಸ್ತ ವಿಶ್ವಾಸವು ಒಂದು ಐತಿಹಾಸಿಕ ಸಂಗತಿಯ ಮೇಲೆ ನಿಂತಿರುವುದಾಗಿ ಹೇಳಿಕೊಳ್ಳುತ್ತದೆ. ಪೊಂತ್ಯ ಪಿಲಾತನ ಅಧಿಕಾರದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂಬುದನ್ನು, ಕ್ರೈಸ್ತರ ಬಗ್ಗೆ ತಿರಸ್ಕಾರವನ್ನೇ ಹೊಂದಿದ್ದ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 116ರ ಸುಮಾರಿಗೆ ದಾಖಲಿಸಿದ್ದಾನೆ. ಅದಕ್ಕೂ ಬಹಳ ಮುಂಚೆ, ಶಿಲುಬೆಯ ಘಟನೆಯಾಗಿ ಸುಮಾರು 25 ವರ್ಷಗಳೊಳಗೆ, ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಎದ್ದುಬಂದ ಕ್ರಿಸ್ತನನ್ನು ಕಂಡವರೆಂದು ಕೆಲವರ ಹೆಸರು ಹೇಳಿ, ಅನೇಕ ಸಾಕ್ಷಿಗಳು ಇನ್ನೂ ಜೀವಂತರಿದ್ದಾರೆಂದು ತಿಳಿಸುತ್ತಾನೆ. ಅಷ್ಟೇ ಅಲ್ಲ, ಕ್ರಿಸ್ತನು ಏಳದಿದ್ದರೆ ನಮ್ಮ ವಿಶ್ವಾಸವೇ ವ್ಯರ್ಥವೆಂಬ ಅರ್ಥದ ಮಾತನ್ನೂ ಅಲ್ಲಿಯೇ ಸೇರಿಸುತ್ತಾನೆ. ತಪ್ಪೆಂದು ತೋರಿಸಲು ಅವಕಾಶ ಕೊಡುವ ಮಾತಿದು.

ಇಷ್ಟರಿಂದ ಪುನರುತ್ಥಾನವು ಸಾಬೀತಾಯಿತೇ? ಇಲ್ಲ. ಯೇಸುವು ಶಿಲುಬೆಯಲ್ಲಿ ಸತ್ತನೆಂದೂ, ಚದುರಿದ ಶಿಷ್ಯರು ಸ್ವಲ್ಪ ಕಾಲದಲ್ಲಿಯೇ ಆತನು ಜೀವಂತನೆಂದು ದೃಢವಾಗಿ ನಂಬಿ ಸಾರತೊಡಗಿದರೆಂದೂ ಇತಿಹಾಸವು ಹೇಳಬಲ್ಲದು. ಅವರ ಆ ನಂಬಿಕೆಗೆ ಕಾರಣವೇನೆಂಬುದನ್ನು ಪ್ರತಿಯೊಬ್ಬನೂ ತೂಗಿ ನೋಡಬೇಕು. ನಾವು ರೋಗನಿದಾನ ಮಾಡುವುದೂ ಗಣಿತದ ಪ್ರಮೇಯದಂತಲ್ಲ. ಲಕ್ಷಣಗಳೆಲ್ಲವನ್ನೂ ಒಟ್ಟಿಗೆ ಹೆಚ್ಚು ಚೆನ್ನಾಗಿ ವಿವರಿಸುವ ಕಾರಣ ಯಾವುದೆಂದು ನಿರ್ಧರಿಸಿ, ಆ ನಿರ್ಧಾರದ ಮೇಲೆ ಹೆಜ್ಜೆಯಿಡುತ್ತೇವೆ. ನನ್ನ ವಿಶ್ವಾಸವೂ ಆ ಜಾತಿಯದು. ಅದಕ್ಕೆ ಕಾರಣಗಳಿವೆ, ಆದರೆ ಆ ಕಾರಣಗಳು ಯಾರನ್ನೂ ಕಟ್ಟಿಹಾಕುವುದಿಲ್ಲ. ಇದೇ ಸಾಕ್ಷ್ಯವನ್ನು ನೋಡಿ ಬೇರೆ ನಿರ್ಣಯಕ್ಕೆ ಬಂದವನನ್ನು ಮೂಢನೆನ್ನಲು ನನಗೆ ಹಕ್ಕಿಲ್ಲ. ಅದೇ ಮರ್ಯಾದೆಯನ್ನು ನಾನು ಅವನಿಂದಲೂ ಅಪೇಕ್ಷಿಸುತ್ತೇನೆ.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ: ದೇವರು ದಯಾಮಯನಾದರೆ ಇಷ್ಟು ನೋವು ಏಕೆ? ಮಕ್ಕಳ ಕ್ಯಾನ್ಸರ್ ವಾರ್ಡಿನ ಮುಂದೆ ಹಾದುಹೋಗುವ ಯಾವ ವೈದ್ಯನಿಗೂ ಇದು ಪುಸ್ತಕದ ಪ್ರಶ್ನೆಯಲ್ಲ. ಆಕ್ಸ್‌ಫರ್ಡಿನ ಸಾಹಿತಿ ಸಿ. ಎಸ್. ಲೂಯಿಸ್ 1940ರಲ್ಲಿ ‘ದಿ ಪ್ರಾಬ್ಲೆಮ್ ಆಫ್ ಪೇನ್’ ಎಂಬ ಗ್ರಂಥದಲ್ಲಿ ಇದಕ್ಕೆ ತರ್ಕಬದ್ಧವಾದ ಸಮಾಧಾನವನ್ನು ಬರೆದರು. 1960ರಲ್ಲಿ ಅವರ ಪತ್ನಿ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ‘ಎ ಗ್ರೀಫ್ ಅಬ್ಸರ್ವ್ಡ್’ ಎಂಬ ಚಿಕ್ಕ ಪುಸ್ತಕವು ಬೇರೊಂದು ಹೆಸರಿನಲ್ಲಿ ಹೊರಬಂದಿತು, ಅದೂ ಅವರದೇ. ಅದರಲ್ಲಿ ಅದೇ ಲೇಖಕನು ದೇವರೊಡನೆ ಜಗಳವಾಡುತ್ತಾನೆ, ಸಂಶಯಪಡುತ್ತಾನೆ, ಕೊನೆಗೂ ಕೈಬಿಡದೆ ಹಿಡಿದುಕೊಳ್ಳುತ್ತಾನೆ. ಮೊದಲನೆಯದನ್ನು ಓದುವವರು ಎರಡನೆಯದನ್ನೂ ಓದಬೇಕೆಂದು ನನ್ನ ವಿನಂತಿ. ದುಃಖದಲ್ಲಿರುವವರ ಮುಂದೆ ತರ್ಕವು ಬಾಯಿಮುಚ್ಚಿ ಕುಳಿತುಕೊಳ್ಳಬೇಕಾದ ಸಮಯವೊಂದಿದೆ. ನೋವಿಗೆ ಕ್ರೈಸ್ತ ಧರ್ಮವು ಕೊಡುವುದು ಪೂರ್ಣ ವಿವರಣೆಯನ್ನಲ್ಲ. ದೇವರು ನೋವಿನ ಹೊರಗೆ ನಿಂತು ನೋಡುವವನಲ್ಲ, ಶಿಲುಬೆಯಲ್ಲಿ ಅದರ ಒಳಗೆ ಬಂದವನು ಎಂಬ ಭರವಸೆಯನ್ನು ಅದು ಕೊಡುತ್ತದೆ.

ಈ ಭರವಸೆಯು ಕೃತಿಗೆ ಇಳಿದಾಗ ಏನಾಗುತ್ತದೆಂಬುದಕ್ಕೆ ಲಂಡನ್ನಿನಲ್ಲಿಯೇ ಒಂದು ನಿದರ್ಶನವಿದೆ. ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ ಮೊದಲು ದಾದಿ, ಅನಂತರ ಆಸ್ಪತ್ರೆಯ ಸಮಾಜಸೇವಕಿ. ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯೆಹೂದಿ ನಿರಾಶ್ರಿತನು 1948ರಲ್ಲಿ ಆಕೆಯ ಆರೈಕೆಯಲ್ಲಿ ಸಾಯುವಾಗ, ಸಾಯುತ್ತಿರುವವರಿಗಾಗಿ ಆಕೆ ಕಟ್ಟಬಯಸಿದ ಮನೆಗೆಂದು 500 ಪೌಂಡುಗಳನ್ನು ಬಿಟ್ಟುಹೋದನು. ಆಕೆ ವೈದ್ಯಶಾಸ್ತ್ರವನ್ನು ಓದಿ 1957ರಲ್ಲಿ ವೈದ್ಯೆಯಾದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆಯಿತು. ತಮ್ಮನ್ನು ಈ ಕೆಲಸಕ್ಕೆ ಕರೆದದ್ದು ಕ್ರಿಸ್ತನೆಂದು ಆಕೆ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಆದರೆ ಆ ಮನೆಯ ಬಾಗಿಲು ಎಲ್ಲ ಮತದವರಿಗೂ, ಯಾವ ಮತವೂ ಇಲ್ಲದವರಿಗೂ ತೆರೆದಿತ್ತು. ಆಕೆ ನೋವನ್ನು ದೇವರ ಚಿತ್ತವೆಂದು ಸುಮ್ಮನೆ ಬಿಡಲಿಲ್ಲ. ನೋವು ಮರುಕಳಿಸುವ ಮುನ್ನವೇ ಗಂಟೆಗೆ ಸರಿಯಾಗಿ ಮಾರ್ಫಿನ್ ಕೊಡುವ ಕ್ರಮವನ್ನು ರೋಗಿಗಳ ದಾಖಲೆಗಳ ಆಧಾರದಿಂದ ಬೆಳೆಸಿ, ದೇಹ, ಮನಸ್ಸು, ಕುಟುಂಬ, ಆತ್ಮ ಈ ನಾಲ್ಕರ ನೋವನ್ನೂ ಒಂದಾಗಿ ನೋಡಬೇಕೆಂದು ವೈದ್ಯಲೋಕಕ್ಕೆ ಕಲಿಸಿದರು. ಅಲ್ಲಿ ವಿಶ್ವಾಸವೂ ವಿಜ್ಞಾನವೂ ಒಂದೇ ಹಾಸಿಗೆಯ ಪಕ್ಕದಲ್ಲಿ ನಿಂತವು. ಇದು ದೇವರ ಅಸ್ತಿತ್ವಕ್ಕೆ ಪ್ರಮಾಣವೆಂದು ನಾನು ಹೇಳುವುದಿಲ್ಲ. ದೇವರನ್ನು ನಂಬದ ಸಾಧುಗಳನ್ನೂ ನಾನು ಆಸ್ಪತ್ರೆಗಳಲ್ಲಿ ಕಂಡಿದ್ದೇನೆ. ಆದರೆ ವಿಶ್ವಾಸವು ಬುದ್ಧಿಯನ್ನು ಮಂಕಾಗಿಸುತ್ತದೆಂಬ ಆರೋಪಕ್ಕೆ ಇದು ಉತ್ತರ.

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರ. ಮಕ್ಕಳ ಮೇಲಿನ ದೌರ್ಜನ್ಯವನ್ನು ತಡೆಯುವಲ್ಲಿ ಸಭೆಗಳು ವಿಫಲವಾದವೆಂದು ಈ ದೇಶದ ಸ್ವತಂತ್ರ ವಿಚಾರಣಾ ಆಯೋಗವು 2020ರಲ್ಲಿ ವರದಿ ಮಾಡಿತು. ಅಂತಹುದೇ ಒಂದು ಪ್ರಕರಣವನ್ನು ನಿರ್ವಹಿಸಿದ ರೀತಿಗಾಗಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರು 2024ರ ನವೆಂಬರಿನಲ್ಲಿ ರಾಜೀನಾಮೆ ಘೋಷಿಸಿದರು. ಇದನ್ನು ಯಾರಾದರೂ ಎತ್ತಿದಾಗ, ಬೇರೆ ಸಂಸ್ಥೆಗಳಲ್ಲಿಯೂ ಹೀಗಿಲ್ಲವೇ ಎಂದು ಮರುಪ್ರಶ್ನೆ ಹಾಕುವುದು ಸಮರ್ಥನೆಯಲ್ಲ. ಬೆಳಕಿಗೆ ಬಂದುದನ್ನು ಒಪ್ಪಿಕೊಳ್ಳುವುದೇ ಅಲ್ಲಿ ನಾವು ಕೊಡಬೇಕಾದ ಮೊದಲ ಉತ್ತರ. ಪಾಪನಿವೇದನೆಯನ್ನು ಬೋಧಿಸುವ ಧರ್ಮಕ್ಕೆ ಅದು ಕಷ್ಟವಾಗಬಾರದು.

ಕೊನೆಯದಾಗಿ ಮನೆಯ ಮಾತು. ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 1927ರಲ್ಲಿ ಲಂಡನ್ನಿನ ಬ್ಯಾಟರ್‌ಸಿಯಲ್ಲಿ, ತಾನು ಏಕೆ ಕ್ರೈಸ್ತನಲ್ಲವೆಂದು ಒಂದು ಪ್ರಸಿದ್ಧ ಭಾಷಣ ಮಾಡಿದರು. ಧರ್ಮದ ಮೂಲವು ಮುಖ್ಯವಾಗಿ ಭಯವೆಂಬುದು ಅವರ ಒಂದು ವಾದ. ಸಂದೇಹಪಟ್ಟ ಮಗನನ್ನು ಗದರಿಸಿ ಬಾಯಿಮುಚ್ಚಿಸುವ ತಂದೆ, ತನಗೆ ತಿಳಿಯದೆಯೇ ರಸೆಲ್ಲರ ಪರವಾಗಿ ಸಾಕ್ಷಿ ಹೇಳುತ್ತಾನೆ. ಮಗಳು ಊಟದ ಮೇಜಿನ ಬಳಿ, “ಅಪ್ಪಾಜಿ, ಇದನ್ನೆಲ್ಲ ನೀವು ನಿಜವಾಗಿಯೂ ನಂಬುತ್ತೀರಾ?” ಎಂದು ಕೇಳಿದರೆ ಅದನ್ನು ಅವಿಧೇಯತೆಯೆಂದು ಎಣಿಸಬೇಡಿ. ಅದು ಅಪೊಲೊಗಿಯಾದ ಕರೆ. ನಿಜವಾಗಿ ಚಿಂತಿಸಬೇಕಾದುದು ಆಕೆ ಕೇಳುವುದನ್ನೇ ನಿಲ್ಲಿಸಿದ ದಿನ.

ಉತ್ತರಿಸಬೇಕಾದರೆ ಕೇಳುವವರ ಭಾಷೆಯನ್ನು ಕಲಿಯಬೇಕು. ಇದಕ್ಕೆ ನಮ್ಮ ನಾಡಿನಲ್ಲಿಯೇ ಮಾದರಿಯಿದೆ. ಜರ್ಮನಿಯಿಂದ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರು ಕನ್ನಡವನ್ನು ಕಲಿತು, ಹಳಗನ್ನಡದ ಗ್ರಂಥಗಳನ್ನು ಓದಿ, ದಶಕಗಳ ದುಡಿಮೆಯ ಫಲವಾಗಿ 1894ರಲ್ಲಿ ತಮ್ಮ ಮಹಾನಿಘಂಟನ್ನು ಕೊಟ್ಟರು. ಅವರ ಬೋಧನೆಯನ್ನು ಒಪ್ಪದವರೂ ಆ ನಿಘಂಟನ್ನು ಇಂದಿಗೂ ಕೈಗೆತ್ತಿಕೊಳ್ಳುತ್ತಾರೆ. ಅನ್ಯರ ಭಾಷೆಯನ್ನು ಅಷ್ಟು ಗೌರವದಿಂದ ಕಲಿತವರಿದ್ದಾಗ, ನಮ್ಮದೇ ಮಕ್ಕಳ ಸಂದೇಹದ ಭಾಷೆಯನ್ನು ಕಲಿಯುವುದು ನಮಗೆ ಭಾರವಾಗಬೇಕೇ? ಅವರು ಓದುವ ಪುಸ್ತಕವನ್ನು ನಾವೂ ಓದೋಣ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದೇ ಹೇಳೋಣ. ಗೊತ್ತಿರುವುದನ್ನು ತಗ್ಗಿದ ದನಿಯಲ್ಲಿ, ಆದರೆ ನಾಚಿಕೆಯಿಲ್ಲದೆ ಹೇಳೋಣ. ಉತ್ತರ ಕೊಡುವುದು ನಮ್ಮ ಹೊಣೆ. ಒಪ್ಪುವುದೂ ಬಿಡುವುದೂ ಅವರ ಸ್ವಾತಂತ್ರ್ಯ.

 ಈಗ ತಮ್ಮ ಪ್ರಶ್ನೆಗಳಿಗೆ, ವಿಶೇಷವಾಗಿ ಹಿಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳ ಪ್ರಶ್ನೆಗಳಿಗೆ, ಸ್ವಾಗತ.