ಒಂಟಿ ತಮಟೆ

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯವರಿಗೆ ತಮಟೆಯೆಂದರೆ ಏನೆಂದು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಮೆರವಣಿಗೆ ಕಣ್ಣಿಗೆ ಬೀಳುವ ಮೊದಲೇ ತಮಟೆ ಕಿವಿಗೆ ಬಿದ್ದಿರುತ್ತದೆ. ಮಾರಿಹಬ್ಬಕ್ಕೆ ತಮಟೆ, ಕೊಂಡ ಹಾಯುವುದಕ್ಕೆ ತಮಟೆ, ಮಳವಳ್ಳಿಯ ಪಟ್ಟಲದಮ್ಮನ ಸಿಡಿ ಹಬ್ಬಕ್ಕೆ ತಮಟೆ. ಬಿದಿರಿನ ಚೌಕಟ್ಟಿಗೆ ಸೀರೆ ಉಡಿಸಿ, ದೇವಿಯ ಮುಖವಾಡ ಕಟ್ಟಿ, ಅದನ್ನು ತಲೆಯ ಮೇಲೆ ಹೊತ್ತು ಕುಣಿಯುವ ಪೂಜಾ ಕುಣಿತದವರ ಹೆಜ್ಜೆಗೆ ಆಧಾರವೂ ತಮಟೆಯೇ. ಊರಿಗೆ ಸುದ್ದಿ ಸಾರಬೇಕಾದಾಗ ತಮಟೆ. ಊರಿನವನೊಬ್ಬನನ್ನು ಮಣ್ಣಿಗೆ ಕಳುಹಿಸುವಾಗಲೂ ತಮಟೆ. ಇಷ್ಟು ಕಡೆ ಕೇಳಿಯೂ ನಮ್ಮಲ್ಲಿ ಬಹಳ ಮಂದಿ ತಮಟೆಯನ್ನು ತಮಟೆಗಾಗಿಯೇ ಕೇಳಿಲ್ಲ. ಅದು ಯಾವಾಗಲೂ ಮತ್ತೊಂದರ ಜೊತೆಯ ಸದ್ದು. ದೇವರ ಹಿಂದೆಯೋ ಹೆಣದ ಮುಂದೆಯೋ ನಡೆಯುವ ಸದ್ದು. ಕುಣಿಯುವವರು ಪಕ್ಕಕ್ಕೆ ಸರಿದು, ಒಬ್ಬನೇ ಒಬ್ಬ ವಾದಕ ಒಂದೇ ಒಂದು ತಮಟೆಯೊಡನೆ ನಿಂತಾಗ ಅಲ್ಲಿ ಏನು ನಡೆಯುತ್ತದೆಯೆಂಬುದನ್ನು ಕುರಿತು ಈ ಕಾಲು ಗಂಟೆ ಮಾತನಾಡಬೇಕೆಂದುಕೊಂಡಿದ್ದೇನೆ.

ವಾದ್ಯದ ರಚನೆ ಅತ್ಯಂತ ಸರಳವಾದದ್ದು. ಮರದ್ದೋ ಕಬ್ಬಿಣದ್ದೋ ಒಂದು ಬಳೆ. ಅದರ ಒಂದೇ ಮುಖಕ್ಕೆ ಬಿಗಿದ ಚರ್ಮ. ಹಿಂಬದಿ ತೆರೆದೇ ಇರುತ್ತದೆ. ಮೃದಂಗಕ್ಕಿರುವಂತೆ ಹೊಟ್ಟೆಯಿಲ್ಲ, ನಗಾರಿಗಿರುವಂತೆ ಕೊಳಗವಿಲ್ಲ. ಎಡ ಹೆಗಲಿಗೆ ಪಟ್ಟಿ ಹಾಕಿ ಎದೆಯ ಪಕ್ಕಕ್ಕೆ ಆನಿಸಿಕೊಂಡರೆ ಮುಗಿಯಿತು, ನಡೆಯುತ್ತ, ಓಡುತ್ತ, ಕುಣಿಯುತ್ತ ಬಾರಿಸಬಹುದು. ಇಷ್ಟು ಬಡವಾದ ವಾದ್ಯದ ಶ್ರೀಮಂತಿಕೆಯೆಲ್ಲ ಇರುವುದು ಕೋಲುಗಳಲ್ಲಿ. ಚಂಡೆಗೆ ಎರಡೂ ಕೈಯಲ್ಲಿ ಒಂದೇ ಬಗೆಯ ಕೋಲು. ತಮಟೆಗೆ ಹಾಗಲ್ಲ. ಬಲಗೈಯಲ್ಲಿ ಗೇಣುದ್ದದ ದಪ್ಪ ಕೋಲು. ಎಡಗೈಯಲ್ಲಿ ಅದಕ್ಕಿಂತ ಉದ್ದವಾದ, ಬಳುಕುವ ತೆಳ್ಳನೆಯ ಬಿದಿರುಕಡ್ಡಿ. ದಪ್ಪ ಕೋಲು ಕೆಳಗಿನಿಂದ ಚರ್ಮದ ನಡುವಿಗೆ ಬೀಳುತ್ತದೆ. ಕಡ್ಡಿ ಮೇಲಿನಿಂದ, ಬಳೆಯ ಅಂಚಿನ ಮೇಲೊರಗಿದ ಕೈಯಿಂದ, ಚರ್ಮದ ಮೇಲೆ ಅಡ್ಡಡ್ಡಲಾಗಿ ಬೀಳುತ್ತದೆ. ಒಂದು ‘ಡಂ’ ಎನ್ನುತ್ತದೆ, ಇನ್ನೊಂದು ‘ಟಕ’ ಎನ್ನುತ್ತದೆ. ಒಂದು ನೆಲದ ಮಾತು, ಇನ್ನೊಂದು ಗಾಳಿಯ ಮಾತು. ಒಬ್ಬನೇ ಮನುಷ್ಯನ ಎರಡು ಕೈಗಳು ಎರಡು ಸ್ವಭಾವದವಾಗಿಬಿಡುವುದರಿಂದ, ಒಂಟಿ ತಮಟೆ ಎಂದೂ ಪೂರಾ ಒಂಟಿಯಲ್ಲ. ಅದರೊಳಗೇ ಒಂದು ಸಂವಾದ ನಡೆಯುತ್ತಿರುತ್ತದೆ.

ಮೂರನೆಯ ಕೋಲೊಂದಿದೆ, ಅದು ಬೆಂಕಿ. ಬಾರಿಸುವ ಮೊದಲು ಒಣಹುಲ್ಲನ್ನೋ, ತೆಂಗಿನ ಗರಿಯನ್ನೋ, ನಮ್ಮ ಕಬ್ಬಿನ ನಾಡಿನಲ್ಲಿ ಒಣಗಿದ ಸೋಗೆಯನ್ನೋ ಹೊತ್ತಿಸಿ ಅದರ ಮುಂದೆ ತಮಟೆಯನ್ನು ಹಿಡಿದು ತಿರುಗಿಸುತ್ತಾರೆ. ಗಾಳಿಯ ತೇವ ಹೀರಿ ಸಡಿಲಗೊಂಡಿದ್ದ ಚರ್ಮ ಕಾವಿಗೆ ಬಿಗಿಯುತ್ತದೆ, ನಾದ ಮೇಲೇರುತ್ತದೆ. ಕಾವು ಕಡಿಮೆಯಾದರೆ ನಾದ ಮಂಕು. ಹೆಚ್ಚಾದರೆ ಚರ್ಮವೇ ಸೀಳಿಹೋಗುತ್ತದೆ. ಬೆರಳ ಗಿಣ್ಣಿನಿಂದ ತಟ್ಟಿ, ಕಿವಿಯ ಬಳಿ ಹಿಡಿದು, ಮತ್ತೆ ಉರಿಗೆ ತೋರಿಸಿ, ಮತ್ತೆ ತಟ್ಟಿ ನೋಡುವ ಆ ಕೆಲಸ ತಂಬೂರಿಯ ಶ್ರುತಿ ಕೂಡಿಸುವಷ್ಟೇ ಸೂಕ್ಷ್ಮವಾದದ್ದು. ಆದರೆ ಸಭೆಯಲ್ಲಿ ತಂಬೂರಿ ಮೀಟುವವರ ಮುಂದೆ ನಾವು ಮೌನವಾಗಿ ಕಾಯುತ್ತೇವೆ. ತಮಟೆ ಕಾಯಿಸುವವರ ಮುಂದೆ ‘ಬೇಗ ಆಗಲಿ’ ಎಂದು ಗದರುತ್ತೇವೆ.

ಇಲ್ಲಿ ವಿಜ್ಞಾನದ ಮಾತೊಂದನ್ನು ನೆನೆಯಬಹುದು. ಸರ್ ಸಿ. ವಿ. ರಾಮನ್ ಅವರು 1920ರಷ್ಟು ಹಿಂದೆಯೇ ನಮ್ಮ ಮೃದಂಗ, ತಬಲಗಳ ನಾದವನ್ನು ಪರೀಕ್ಷಿಸಿದರು. ಸಾಧಾರಣವಾಗಿ ಬಿಗಿದ ದುಂಡು ಚರ್ಮವೊಂದು ಕಂಪಿಸಿದಾಗ ಅದರಿಂದ ಹೊರಡುವ ಉಪನಾದಗಳು ಒಂದರೊಡನೊಂದು ಹೊಂದುವುದಿಲ್ಲ. ಮೃದಂಗದ ಬಲಮುಖದ ನಡುವೆ ಹಚ್ಚುವ ಕರಣೆಯ ಭಾರದಿಂದ ಆ ಉಪನಾದಗಳು ಒಂದು ಕ್ರಮಕ್ಕೆ ಬಂದು, ತಂತಿವಾದ್ಯದಂತೆ ಶ್ರುತಿಯುಳ್ಳ ನಾದ ಹುಟ್ಟುತ್ತದೆಂಬುದನ್ನು ಅವರು ತೋರಿಸಿಕೊಟ್ಟರು. ತಮಟೆಗೆ ಕರಣೆಯಿಲ್ಲ. ಆದುದರಿಂದ ಅದಕ್ಕೆ ಮೃದಂಗದಂತಹ ಶ್ರುತಿಯೂ ಇಲ್ಲ. ನಡುವೆ ಹೊಡೆದ ಪೆಟ್ಟು ಗಂಭೀರವಾಗಿ ಮೊಳಗಿ ಬೇಗ ಆರುತ್ತದೆ. ಅಂಚಿನತ್ತ ಸರಿದಷ್ಟೂ ನಾದ ತೆಳುವಾಗಿ, ಚುರುಕಾಗಿ ಕೇಳುತ್ತದೆ. ಸ್ವರದ ಸಂಪತ್ತಿಲ್ಲದ ವಾದ್ಯ ನಾದದ ಬಣ್ಣಗಳನ್ನು ಹುಡುಕಿಕೊಂಡು ಹೊರಡುವುದು ಅನಿವಾರ್ಯ. ತಮಟೆಯ ವಾದಕನ ಕಲ್ಪನೆಯೆಲ್ಲ ಕೋಲಿನ ಕಡೆಗೆ, ಕೈಯ ಕಡೆಗೆ, ಪೆಟ್ಟು ಬೀಳುವ ಸ್ಥಾನದ ಕಡೆಗೆ ಹರಿದಿರುವುದು ಈ ಕೊರತೆಯಿಂದಲೇ.

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಬ್ಬ ಮುಗಿದ ಮರುದಿನ ವೃದ್ಧರೊಬ್ಬರು ಬಾರಿಸಿದ್ದನ್ನು ನಾನು ಕೇಳಿದ್ದೇನೆ. ಮೊದಲು ಅವರು ಎರಡು ಕೋಲುಗಳಿಂದ ರೂಢಿಯ ಗತ್ತನ್ನೇ ನುಡಿಸಿದರು. ಅನಂತರ ದಪ್ಪ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಂಗೈಯಿಂದ ಚರ್ಮವನ್ನು ಒತ್ತಿ ಹಿಡಿದು ಕಡ್ಡಿಯೊಂದರಲ್ಲೇ ಬಾರಿಸಿದರು. ಒತ್ತಡ ಬದಲಾದಂತೆ ನಾದ ಏರಿತು, ಇಳಿಯಿತು. ಆಮೇಲೆ ಕಡ್ಡಿಯನ್ನು ಬಳೆಯ ಮೇಲೆ ಮಾತ್ರ ಆಡಿಸಿದರು. ಕಬ್ಬಿಣದ ಆ ಕಿರುಸದ್ದಿನ ನಡುವೆ ಎಲ್ಲೋ ಒಮ್ಮೊಮ್ಮೆ ಬೆರಳಿನ ತುದಿಯಿಂದ ಚರ್ಮಕ್ಕೊಂದು ಮೆಲುಪೆಟ್ಟು. ಕೊನೆಗೆ ಕಡ್ಡಿಯ ತುದಿಯನ್ನು ಚರ್ಮದ ಮೇಲೆ ಸುಮ್ಮನೆ ಎಳೆದರು. ಒಣಗಿದ ರಾಗಿತೆನೆಯ ಮೇಲೆ ಗಾಳಿ ಹಾದಂತಹ ಸದ್ದಾಯಿತು. ಇದನ್ನೆಲ್ಲ ಯಾರು ಕಲಿಸಿದರೆಂದು ಕೇಳಿದೆ. ರಾತ್ರಿಯೆಲ್ಲ ದೇವರ ಮುಂದೆ ನಿಲ್ಲಬೇಕಾದಾಗ ನಿದ್ದೆ ಬರದಂತೆ ತಾನೇ ಮಾಡಿಕೊಂಡದ್ದೆಂದು ಅವರು ಹೇಳಿದರು. ಅಲ್ಲಿ ಸೇರಿದ್ದವರು ಆರೇಳು ಮಂದಿ. ಅವರ ಪೈಕಿ ಯಾರಿಗೂ ಅದು ‘ಕಚೇರಿ’ ಎಂದು ತೋರಲಿಲ್ಲ. ಆ ಹಿರಿಯರಿಗೂ ತೋರಿರಲಾರದು.

ಚರ್ಮವನ್ನು ಬಡಿಯುವುದಷ್ಟೇ ಅಲ್ಲ, ಬೇರೆ ಬೇರೆ ಬಗೆಯಲ್ಲಿ ಮಾತನಾಡಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಉರುಮೆಯ ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಹೊಟ್ಟೆಯೊಳಗಿನಿಂದ ಬಂದಂತಹ ನರಳುವ ನಾದ ಹೊರಡುತ್ತದೆ. ನಾಗಸ್ವರದ ಜೊತೆಯ ಡೋಲಿಗೆ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯ ಬೆರಳುಗಳಿಗೆ ಗಟ್ಟಿಯಾದ ಕುಪ್ಪಿಗೆ. ಡೊಳ್ಳಿಗೆ ಒಂದು ಕಡೆ ಕೋಲು, ಒಂದು ಕಡೆ ಬರಿಗೈ. ಬುಡುಬುಡಿಕೆಗೆ ಕೋಲೇ ಇಲ್ಲ. ಕೈ ತಿರುವಿದರೆ ದಾರದ ಗಂಟೇ ಎರಡೂ ಮುಖಗಳಿಗೆ ಬಡಿಯುತ್ತದೆ. ಚೌಡಿಕೆಯಲ್ಲಂತೂ ಚರ್ಮಕ್ಕೆ ಕಟ್ಟಿದ ತಂತಿಯನ್ನು ಮೀಟಿ ಚರ್ಮವನ್ನೇ ಹಾಡಿಸುತ್ತಾರೆ. ನಮ್ಮ ಮಂಟೇಸ್ವಾಮಿಯ ನೀಲಗಾರರ ಕೈಯ ದಮ್ಮಡಿ ಅಂಗೈಯಗಲದ ಚರ್ಮದಲ್ಲಿ ಇಡೀ ರಾತ್ರಿಯ ಕಥೆಗೆ ಹೆಜ್ಜೆ ಹಾಕುತ್ತದೆ.

ಒಬ್ಬ ಮನುಷ್ಯ, ಒಂದು ಚರ್ಮವಾದ್ಯ ಎಂದೊಡನೆ ಸಾಹಿತ್ಯದ ಓದುಗರಿಗೆ ನೆನಪಾಗುವವನು ಚೋಮ. ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ಬಿ. ವಿ. ಕಾರಂತರು ಅದನ್ನು 1975ರಲ್ಲಿ ಚಲನಚಿತ್ರವಾಗಿಸಿದರು. ಚೋಮನ ಪಾತ್ರಕ್ಕಾಗಿ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಬೇಸಾಯ ಮಾಡುವ ಆಸೆಯಿದ್ದೂ ಭೂಮಿ ಸಿಕ್ಕದ ಚೋಮ ತನ್ನ ಸಿಟ್ಟನ್ನೂ ದುಃಖವನ್ನೂ ಹೇಳಿಕೊಳ್ಳುವುದು ದುಡಿಯ ಮುಂದೆ. ಅವನು ಯಾರಿಗಾಗಿಯೂ ಬಾರಿಸುವುದಿಲ್ಲ. ಏಕವಾದನದ ಮರ್ಮವನ್ನು ನಾನು ತಿಳಿದುಕೊಂಡದ್ದು ಸಂಗೀತಶಾಸ್ತ್ರದ ಗ್ರಂಥಗಳಿಗಿಂತ ಹೆಚ್ಚಾಗಿ ಈ ಕಾದಂಬರಿಯಿಂದ: ಮಾತಿಗೆ ಅವಕಾಶವಿಲ್ಲದ ಕಡೆ ಕೈ ಮಾತನಾಡುತ್ತದೆ.

ಪಶ್ಚಿಮದ ಸಂಗೀತದಲ್ಲಿಯೂ ಇದಕ್ಕೆ ಹೋಲುವ ಕಥೆಯೊಂದಿದೆ. ನಮ್ಮ ಪಟ್ಟಣಗಳ ಬ್ಯಾಂಡ್‌ಸೆಟ್ಟಿನಲ್ಲಿ ಸೊಂಟದ ಬಳಿ ತೂಗುವ ಚಿಕ್ಕ ಡ್ರಮ್ಮನ್ನು ನೋಡಿದ್ದೀರಿ. ಅದರ ಕೆಳಮುಖಕ್ಕೆ ಅಡ್ಡಲಾಗಿ ಎಳೆದ ತಂತಿಗಳು ಚರ್ಮಕ್ಕೆ ತಗುಲಿ ಝೇಂಕರಿಸುವುದರಿಂದ ಅದಕ್ಕೆ ಆ ಸಿಡಿಯುವ ಸದ್ದು. ಅದು ಸೈನ್ಯದ ವಾದ್ಯ. ಹೆಜ್ಜೆ ಕೂಡಿಸುವುದು, ಆಜ್ಞೆ ತಿಳಿಸುವುದು ಅದರ ಕೆಲಸವಾಗಿತ್ತು. ಫ್ರಾನ್ಸಿನ ರವೆಲ್ 1928ರ ತಮ್ಮ ‘ಬೊಲೆರೊ’ ಕೃತಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಲಯವನ್ನು ಅದರಿಂದ ನುಡಿಸಿದರು. ಅದಕ್ಕೂ ಮೊದಲು, 1922ರಲ್ಲಿ, ಡೆನ್ಮಾರ್ಕಿನ ಕಾರ್ಲ್ ನೀಲ್ಸನ್ ತಮ್ಮ ಐದನೆಯ ಸಿಂಫೊನಿಯಲ್ಲಿ ಆಜ್ಞೆ ಪಾಲಿಸುವ ಈ ವಾದ್ಯಕ್ಕೆ ಒಂದು ವಿಚಿತ್ರ ಸ್ವಾತಂತ್ರ್ಯ ಕೊಟ್ಟರು: ಇಡೀ ವಾದ್ಯವೃಂದದ ನಡೆಯನ್ನು ತಡೆಯಲೆಂಬಂತೆ ಡ್ರಮ್ಮಿನವನು ತನಗೆ ತೋಚಿದುದನ್ನು ಬಾರಿಸಬೇಕು. ಐಸ್‌ಲೆಂಡಿನ ಆಸ್ಕೆಲ್ ಮಾಸ್ಸನ್ 1984ರಲ್ಲಿ ‘ಪ್ರಿಮ್’ ಎಂಬ ಕೃತಿಯನ್ನು ಈ ಒಂದೇ ಡ್ರಮ್ಮಿಗಾಗಿ, ಜೊತೆಗೆ ಯಾವ ವಾದ್ಯವೂ ಇಲ್ಲದೆ, ಅವಿಭಾಜ್ಯ ಸಂಖ್ಯೆಗಳ ಲೆಕ್ಕದ ಮೇಲೆ ರಚಿಸಿದರು. ಅದನ್ನು ಜಗತ್ತಿಗೆ ಕೇಳಿಸಿದವರಲ್ಲಿ ಪ್ರಮುಖರು ಸ್ಕಾಟ್ಲೆಂಡಿನ ಎವಲಿನ್ ಗ್ಲೆನಿ. ಬಾಲ್ಯದಲ್ಲಿಯೇ ಶ್ರವಣಶಕ್ತಿಯನ್ನು ಬಹುತೇಕ ಕಳೆದುಕೊಂಡ ಆಕೆ ಬರಿಗಾಲಲ್ಲಿ ನಿಂತು ನೆಲದ ಕಂಪನದಿಂದಲೂ ನಾದವನ್ನು ಗ್ರಹಿಸುತ್ತಾರೆ. ಕೋಲಿನ ಬದಲು ಕುಂಚದಂತಹ ತಂತಿಗಳು, ಬರಿಬೆರಳು, ಅಂಚಿನ ಪೆಟ್ಟು, ಉಜ್ಜುವಿಕೆ ಇವೆಲ್ಲ ಅಲ್ಲಿ ಈಗ ಅಧ್ಯಯನದ ವಿಷಯಗಳು. ನಮ್ಮ ಹಳ್ಳಿಯ ಹಿರಿಯರು ನಿದ್ದೆ ತಡೆಯಲು ಕಂಡುಕೊಂಡದ್ದೂ ಇದೇ ವಿದ್ಯೆ.

ಆದರೆ ಈ ಹೋಲಿಕೆಯನ್ನು ಇಲ್ಲಿಗೇ ಬಿಟ್ಟು ಸಂತೋಷಪಟ್ಟರೆ ನಾವು ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುತ್ತದೆ. ಸೈನ್ಯದ ಡ್ರಮ್ಮಿನವನಿಗೆ ಸಂಬಳವಿತ್ತು, ಸಮವಸ್ತ್ರವಿತ್ತು. ತಮಟೆಯವನಿಗೆ ಇದ್ದದ್ದು ಹುಟ್ಟಿನಿಂದ ಬಂದ ಕಟ್ಟಳೆ. ಚರ್ಮವನ್ನು ಮುಟ್ಟಿದವನನ್ನು ಊರು ಮುಟ್ಟಲಿಲ್ಲ. ಅವನು ಬಾರಿಸಿದ ಸದ್ದಿಲ್ಲದೆ ಊರ ದೇವರು ಹೊರಡಲೂ ಇಲ್ಲ. ಗುಡಿಯ ಒಳಗೆ ಹೋಗುವ ಸದ್ದು ಅವನದು, ಹೊರಗೆ ನಿಲ್ಲುವ ದೇಹವೂ ಅವನದೇ. ಸಾವಿನ ಮನೆಯ ಮುಂದೆ ಬಾರಿಸಲಾರೆನೆನ್ನುವ ಹಕ್ಕು ಅವನಿಗಿರಲಿಲ್ಲ. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು, ಊರ ಚಾಕರಿಗಳನ್ನು ರದ್ದುಗೊಳಿಸುವ ಕಾಯಿದೆ ಬಂದದ್ದು 1961ರಲ್ಲಿ. ಕಾಯಿದೆ ಕಾಗದದ ಮೇಲೆ ಬಂದರೂ ಅಭ್ಯಾಸ ಊರಿನಲ್ಲಿ ಉಳಿಯಿತು. 1970ರ ದಶಕದಲ್ಲಿ ದಲಿತ ಚಳುವಳಿ ಬೆಳೆದಾಗ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಹಲವರು ಇನ್ನು ಈ ತಮಟೆಯನ್ನು ಮುಟ್ಟುವುದಿಲ್ಲವೆಂದು ಕೆಳಗಿಟ್ಟರು. ಇನ್ನು ಹಲವರು ಅದೇ ತಮಟೆಯನ್ನು ಜಾಥಾದ ಮುಂದೆ ಹಿಡಿದು, ಹೋರಾಟದ ಹಾಡಿಗೆ ಬಾರಿಸಿದರು.

ಕಲೆ ಉಳಿಯಬೇಕೆಂದು ಹಂಬಲಿಸುವ ನನ್ನಂತಹ ಪಟ್ಟಣವಾಸಿಗಳು ಮೊದಲನೆಯವರನ್ನು ಕುರಿತು ವಿಷಾದಪಡುವುದುಂಟು. ‘ಮಗ ಓದಿದ, ತಮಟೆ ಬಿಟ್ಟ’ ಎಂದು ಮರುಗುವುದುಂಟು. ಈ ಮರುಕ ನ್ಯಾಯವಾದದ್ದಲ್ಲವೆಂದು ನನ್ನ ನಂಬಿಕೆ. ಬಾರಿಸಲೇಬೇಕಾದವನು ಬಾರಿಸಿದಾಗ ಅದು ಚಾಕರಿ. ಬಾರಿಸದೆಯೂ ಇರಬಲ್ಲವನು ಬಾರಿಸಿದಾಗ ಅದು ಕಲೆ. ಕೆಳಗಿಟ್ಟವರು ಕಲೆಗೆ ದ್ರೋಹ ಮಾಡಲಿಲ್ಲ; ಮುಂದೆ ಅದನ್ನು ಎತ್ತಿಕೊಳ್ಳುವವರಿಗೆ ಆಯ್ಕೆಯೆಂಬುದನ್ನು ಸಂಪಾದಿಸಿಕೊಟ್ಟರು. ಮಳೆಗೂ ಜಗ್ಗದ, ಬೆಂಕಿಯನ್ನು ಬೇಡದ ಫೈಬರ್ ಹೊದಿಕೆಯ ತಮಟೆಗಳು ಇಂದು ಎಲ್ಲೆಡೆ ಕಾಣುತ್ತವೆ. ಚರ್ಮದ ಮೆದುವಾದ ಮೊಳಗು ಅದರಲ್ಲಿಲ್ಲವೆಂದು ಹಿರಿಯರು ಗೊಣಗುತ್ತಾರೆ, ಅದು ನಿಜ. ಆದರೆ ಚರ್ಮ ಹದಮಾಡುವ ಕೆಲಸದ ಕಳಂಕದಿಂದ ದೂರವಿರಬೇಕೆನ್ನುವ ಹುಡುಗನ ಮನಸ್ಸೂ ಆ ಫೈಬರಿನಲ್ಲಿದೆ, ಅದೂ ನಿಜ.

ಮನ್ನಣೆಯೇ ಬಂದಿಲ್ಲವೆಂದಲ್ಲ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಇಂತಹ ವಾದ್ಯಗಳಿಗೂ ಕಲಾವಿದರಿಗೂ ಒಂದು ನೆಲೆ ಕೊಟ್ಟಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿಯೇ ಪದ್ಮಶ್ರೀ ಬಂದಿತು. ತಮಟೆಯೆಂಬ ಹೆಸರು ರಾಷ್ಟ್ರಪತಿ ಭವನದಲ್ಲಿ ಗೌರವದಿಂದ ಕೇಳಿಬಂದದ್ದು ಸಣ್ಣ ಸಂಗತಿಯಲ್ಲ.

ಆದರೂ ನಮ್ಮ ಊರುಗಳ ಆಹ್ವಾನಪತ್ರಿಕೆಗಳನ್ನು ತೆರೆದು ನೋಡಿ. ಅಧ್ಯಕ್ಷರ ಹೆಸರು, ಉದ್ಘಾಟಕರ ಹೆಸರು, ಹಾರ ಹಾಕುವವರ ಹೆಸರು ಎಲ್ಲವೂ ಇರುತ್ತವೆ. ಕೊನೆಯಲ್ಲಿ ‘ತಮಟೆ, ನಗಾರಿಗಳೊಡನೆ ಮೆರವಣಿಗೆ’ ಎಂಬ ಒಂದು ಸಾಲು. ಬಾರಿಸಿದವನಿಗೆ ಹೆಸರಿಲ್ಲ. ಶಾಸ್ತ್ರೀಯ ಸಂಗೀತದ ಕಚೇರಿಯಲ್ಲಿ ಮೃದಂಗದವರಿಗೆ ತನಿ ಆವರ್ತನವೆಂದು ಕಾಲು ಗಂಟೆಯಾದರೂ ಬಿಟ್ಟುಕೊಡುವ ಪದ್ಧತಿಯಿದೆ. ಆ ಹೊತ್ತಿಗೆ ಎದ್ದು ಕಾಫಿಗೆ ಹೋಗುವವರಿದ್ದರೂ ಆ ಹಕ್ಕನ್ನು ಯಾರೂ ಕಸಿದುಕೊಂಡಿಲ್ಲ. ತಮಟೆಗೂ ಅಂತಹ ಕಾಲು ಗಂಟೆ ಬೇಕು. ಮೆರವಣಿಗೆ ಸಭಾಮಂಟಪವನ್ನು ಮುಟ್ಟಿದ ಮೇಲೆ ತಮಟೆಯವರನ್ನು ಬಾಗಿಲಲ್ಲಿಯೇ ಬಿಡದೆ, ಅವರಲ್ಲಿ ಒಬ್ಬರನ್ನು ವೇದಿಕೆಗೆ ಕರೆದು, ಹೆಸರು ಹೇಳಿ, ತಮಟೆ ಕಾಯಿಸಿಕೊಳ್ಳಲು ಬೇಕಾದಷ್ಟು ಹೊತ್ತು ಕೊಟ್ಟು, ತಕ್ಕ ಸಂಭಾವನೆಯನ್ನು ಮೊದಲೇ ಗೊತ್ತುಮಾಡಿ, ಅವರು ತಮಗೆ ಇಷ್ಟಬಂದುದನ್ನು ಬಾರಿಸುವಾಗ ನಾವು ಸುಮ್ಮನೆ ಕುಳಿತು ಕೇಳಬಹುದು. ಇದಕ್ಕೆ ಸರ್ಕಾರದ ಯೋಜನೆಯೇನೂ ಬೇಕಾಗಿಲ್ಲ. ಒಂದು ಊರಿನ ಒಂದು ಸಮಿತಿ ಮನಸ್ಸು ಮಾಡಿದರೆ ಸಾಕು.

ಹಾಗೆ ಕರೆದಾಗ ಯಾರಾದರೂ ‘ಇಲ್ಲ, ನಾನು ಬಾರಿಸುವುದಿಲ್ಲ’ ಎಂದರೆ ಆ ಮಾತನ್ನೂ ಅಷ್ಟೇ ಗೌರವದಿಂದ ಕೇಳಿಸಿಕೊಳ್ಳಬೇಕು. ಬಾರಿಸುತ್ತೇನೆಂದು ಒಪ್ಪಿ ಬಂದವರ ಕೈಯ ಕಡ್ಡಿಯನ್ನು ಗಮನಿಸಿ ನೋಡಿ. ದೊಡ್ಡ ಕೋಲಿನ ಸದ್ದು ಎಲ್ಲರಿಗೂ ಕೇಳುತ್ತದೆ. ಆ ತೆಳ್ಳನೆಯ ಬಿದಿರು ಹೇಳುವುದನ್ನು ಕೇಳಲು ಮಾತ್ರ ಸ್ವಲ್ಪ ಹತ್ತಿರ ಹೋಗಿ ನಿಲ್ಲಬೇಕಾಗುತ್ತದೆ.