ಹಾಡು ಯಾರದು? ವಿಲ್ಕೊ ಬ್ಯಾಂಡಿನ ನೆಪದಲ್ಲಿ



ಜನಪ್ರಿಯ ಸಂಗೀತಕ್ಕೆಂದೇ ಎರಡು ದಿನ ಎತ್ತಿಟ್ಟ ಈ ವಿಭಾಗಕ್ಕೆ ನನ್ನ ವಂದನೆಗಳು. ನಾನು ಒಂದೇ ಒಂದು ಬ್ಯಾಂಡಿನ ಬಗ್ಗೆ ಮಾತಾಡುತ್ತೇನೆ. ನಮ್ಮ ಅಧ್ಯಯನ ಎಲ್ಲಿ ದಾರಿ ತಪ್ಪಿತು ಎಂಬುದರ ಬಗ್ಗೆ ನನಗೆ ಬಹುಕಾಲದಿಂದ ಒಂದು ನಂಬಿಕೆಯಿದೆ. ಅದನ್ನು ಹೇಳಲು ಅಮೆರಿಕದ ವಿಲ್ಕೊಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಸೇಂಟ್ ಲೂಯಿಸ್ ನಗರದಿಂದ ಮಿಸಿಸಿಪಿ ನದಿ ದಾಟಿದರೆ ಇಲಿನಾಯ್ ರಾಜ್ಯದ ಬೆಲ್‌ವಿಲ್ ಸಿಗುತ್ತದೆ. ಅಲ್ಲಿನ ಜೇ ಫರಾರ್, ಜೆಫ್ ಟ್ವೀಡಿ, ಮೈಕ್ ಹೈಡಾರ್ನ್ ಕಟ್ಟಿದ ಬ್ಯಾಂಡು ಅಂಕಲ್ ಟುಪೆಲೊ. ಪಂಕ್‌ನ ಅಬ್ಬರ, ಹಳೆಯ ಕಂಟ್ರಿ ಹಾಡುಗಳ ಅಳಲು ಎರಡನ್ನೂ ಅವರು ಒಂದೇ ಉಸಿರಿನಲ್ಲಿ ಹಾಡಿದರು. 1990ರ ಅವರ ಮೊದಲ ಆಲ್ಬಂ ‘ನೋ ಡಿಪ್ರೆಶನ್’. ಕಾರ್ಟರ್ ಫ್ಯಾಮಿಲಿ 1936ರಲ್ಲಿ ಹಾಡಿದ್ದ ಹಾಡೊಂದರಿಂದ ಬಂದ ಹೆಸರು ಅದು. 1995ರಲ್ಲಿ ಶುರುವಾದ ಪತ್ರಿಕೆಯೊಂದು ಅದೇ ಹೆಸರಿಟ್ಟುಕೊಂಡಿತು. ಆಲ್ಟ್ ಕಂಟ್ರಿ ಎಂಬ ಪ್ರಕಾರಕ್ಕೆ ಮನೆ, ವಿಳಾಸ ಸಿಕ್ಕಿದ್ದು ಹೀಗೆ. 1994ರ ಮೇ ತಿಂಗಳಲ್ಲಿ ಬ್ಯಾಂಡು ಒಡೆಯಿತು. ಫರಾರ್ ಸನ್ ವೋಲ್ಟ್ ಕಟ್ಟಿದರು, ಒಡೆಯುವ ಹೊತ್ತಿಗೆ ಬ್ಯಾಂಡಿನಲ್ಲಿದ್ದ ಉಳಿದವರು ಟ್ವೀಡಿಯವರ ಜೊತೆ ವಿಲ್ಕೊ ಆದರು.

ಪ್ರಕಾರಗಳ ಗಡಿಯ ಬಗ್ಗೆ ನನ್ನ ಎಡಕ್ಕೆ ಕುಳಿತಿರುವ ಗೆಳತಿ ಬರೆದಿದ್ದಾರೆ. ರೆಕಾರ್ಡ್ ಕಂಪನಿಗಳ ವ್ಯವಹಾರವನ್ನು ನಾಳೆಯ ಗೋಷ್ಠಿಯ ಅಧ್ಯಕ್ಷರು ನನಗಿಂತ ಚೆನ್ನಾಗಿ ಬಲ್ಲರು; ಆ ಎರಡನ್ನೂ ಅವರಿಗೇ ಬಿಡುತ್ತೇನೆ. 2001ರಲ್ಲಿ ರಿಪ್ರೈಸ್ ಕಂಪನಿ ‘ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್’ ಆಲ್ಬಮನ್ನು ಬೇಡವೆಂದದ್ದು, ಬ್ಯಾಂಡು ಅದನ್ನು ಅಂತರ್ಜಾಲದಲ್ಲಿ ಪುಕ್ಕಟೆ ಕೇಳಿಸಿದ್ದು, 2002ರ ಏಪ್ರಿಲ್‌ನಲ್ಲಿ ನನ್‌ಸಚ್ ಅದನ್ನು ಹೊರತಂದದ್ದು, ಆ ಎರಡೂ ಕಂಪನಿಗಳು ಒಂದೇ ಒಡೆತನದವು ಎಂಬುದು: ಈ ಕಥೆ ಎಲ್ಲರಿಗೂ ಬಾಯಿಪಾಠ. ನನ್ನ ತಕರಾರು ಇಲ್ಲಿಂದಲೇ ಶುರು. ಕಂಪನಿ ಸೋತಿತು, ಕಲಾವಿದ ಗೆದ್ದ ಎಂದು ನಾವು ಬರೆದದ್ದೇ ಬರೆದೆವು. ಆ ಆಲ್ಬಮಿನೊಳಗೆ ಏನು ಕೇಳಿಸುತ್ತದೆ ಎಂದು ಬರೆದವರು ತೀರಾ ಕಡಿಮೆ.

ಇದಕ್ಕೆ ಕಾರಣವಿದೆ. ನಮ್ಮಲ್ಲಿ ಹೆಚ್ಚಿನವರು ಬಂದದ್ದು ಸಾಹಿತ್ಯ ವಿಭಾಗಗಳಿಂದ. ಹಾಡು ಕೈಗೆ ಬಂದರೆ ಸಾಲುಗಳನ್ನು ಕಾಗದಕ್ಕೆ ಇಳಿಸಿಕೊಳ್ಳುತ್ತೇವೆ, ಅರ್ಥ ಬಿಡಿಸುತ್ತೇವೆ, ಹಾಡನ್ನು ಪಕ್ಕಕ್ಕಿಡುತ್ತೇವೆ. ಒಮ್ಮೆ ತರಗತಿಯಲ್ಲಿ ಈ ಆಲ್ಬಮಿನ ಮೊದಲ ಹಾಡು ಕೇಳಿಸಿ ಅದರ ಪ್ರತಿಮೆಗಳ ಬಗ್ಗೆ ಮಾತಾಡುತ್ತಿದ್ದೆ. ಮನೆಮಂದಿಯೆಲ್ಲ ಊರಿನ ಭಜನಾ ಮಂಡಳಿಯಲ್ಲಿರುವ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ಈ ಡ್ರಮ್ ಬಾರಿಸೋರು ಹಾಡಿಗೆ ಯಾಕೆ ದಾರಿ ಬಿಡ್ತಿಲ್ಲ?” ಆ ಡ್ರಮ್ಮರ್ ಗ್ಲೆನ್ ಕಾಚೆ. ನಮ್ಮನ್ನು ಆ ಹಾಡು ಕಾಡುವುದು ಟ್ವೀಡಿಯವರ ಮಾತಿನಿಂದಷ್ಟೇ ಅಲ್ಲ, ಆ ಮಾತಿಗೆ ಕಾಚೆ ಒಡ್ಡುವ ತಡೆಯಿಂದಲೂ. ನೂರು ಪ್ರಬಂಧ ಓದಿದವರಿಗೆ ಹೊಳೆಯದ್ದು ಆ ಹುಡುಗಿಯ ಕಿವಿಗೆ ಬಿತ್ತು.

ಹಾಗಾದರೆ ಆ ಹಾಡು ಯಾರದು? ವರ್ಷಗಳಿಂದ ನನ್ನನ್ನು ಬಿಡದ ಪ್ರಶ್ನೆ ಇದು. ಆಲ್ಬಮಿನ ಹೆಚ್ಚಿನ ಹಾಡುಗಳು ಟ್ವೀಡಿ ಮತ್ತು ಜೇ ಬೆನೆಟ್ ಇಬ್ಬರ ಹೆಸರಿನಲ್ಲಿವೆ. ಬೆನೆಟ್ ಪದರದ ಮೇಲೆ ಪದರ ವಾದ್ಯಗಳನ್ನು ಸೇರಿಸಿದರು. ಕೊನೆಗೆ ಮಿಕ್ಸಿಂಗ್‌ಗೆ ಬಂದ ಜಿಮ್ ಓ’ರೂರ್ಕ್ ಅವುಗಳಲ್ಲಿ ಬಹಳಷ್ಟನ್ನು ತೆಗೆದುಹಾಕಿದರು. ತೆಗೆದವರನ್ನೂ ಕರ್ತೃ ಎನ್ನಬೇಕೆ? ಈ ಆಲ್ಬಮಿನ ಬಗ್ಗೆ ಸ್ಯಾಮ್ ಜೋನ್ಸ್ ಮಾಡಿದ ಕಪ್ಪುಬಿಳುಪು ಸಾಕ್ಷ್ಯಚಿತ್ರದಲ್ಲಿ, ಎರಡು ಹಾಡುಗಳನ್ನು ಜೋಡಿಸುವ ಒಂದು ಚಿಕ್ಕ ಜಾಗಕ್ಕಾಗಿ ಟ್ವೀಡಿ ಮತ್ತು ಬೆನೆಟ್ ವಾದಿಸುವುದನ್ನು ನೋಡಿದರೆ ಹೊಟ್ಟೆ ಕಿವುಚುತ್ತದೆ. ಕೆಲಸ ಮುಗಿಯುತ್ತಿದ್ದಂತೆ ಬೆನೆಟ್ ಬ್ಯಾಂಡಿನಿಂದ ಹೊರಬಿದ್ದರು, 2009ರಲ್ಲಿ ತೀರಿಕೊಂಡರು. ಅವರಿಗೆ ಸಲ್ಲಬೇಕಾದ ವಿಮರ್ಶೆ ಇನ್ನೂ ಸಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಡು ಯಾರದು ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಶಿಶುನಾಳ ಷರೀಫರ ಪದಗಳನ್ನು ಸಿ. ಅಶ್ವತ್ಥ್ ಅವರ ಸಂಯೋಜನೆಯಲ್ಲಿ ಕೇಳಿ ಬೆಳೆದವರು ಈ ಸಭೆಯಲ್ಲಿ ಎಷ್ಟು ಜನರಿಲ್ಲ? ವಿಲ್ಕೊ ಕೂಡ 1998ರ ‘ಮರ್ಮೇಡ್ ಅವೆನ್ಯೂ’ದಲ್ಲಿ ಬಿಲ್ಲಿ ಬ್ರ್ಯಾಗ್ ಜೊತೆ ಸೇರಿ, ವುಡಿ ಗತ್ರಿ ಬರೆದಿಟ್ಟುಹೋಗಿದ್ದ ಸಾಲುಗಳಿಗೆ ಧಾಟಿ ಕೂಡಿಸಿತು. ಗತ್ರಿಯ ಮಗಳು ನೋರಾ ಆ ಹಾಳೆಗಳನ್ನು ಕೊಟ್ಟರು. ಅಲ್ಲಿ ಬರೆದವರು ಯಾರು, ಧಾಟಿ ಕೊಟ್ಟವರು ಯಾರು ಎಂದು ಬೇರ್ಪಡಿಸಿ ಹೇಳಬಹುದು. ಆದರೆ ‘ಯಾಂಕೀ ಹೋಟೆಲ್’ನಂತೆ ನಾಲ್ಕೈದು ಜನ ಒಂದು ಮಾಳಿಗೆಯಲ್ಲಿ ತಿಂಗಳುಗಟ್ಟಲೆ ತಿದ್ದಿದ್ದನ್ನು ಹೇಗೆ ಬೇರ್ಪಡಿಸುವುದು?

2022ರಲ್ಲಿ ‘ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್’ ಆಲ್ಬಮಿನ ಕರಡು ರೂಪಗಳು ದೊಡ್ಡ ಸಂಪುಟವಾಗಿ ಬಂದವು. ವಚನಗಳ ಪಾಠಾಂತರಗಳನ್ನು ಕೂಡಿಸಿ ನೋಡಿದ ಗ್ರಂಥಸಂಪಾದಕರು ಈ ಸಭೆಯಲ್ಲಿದ್ದಾರೆ. ಆ ಶಿಸ್ತು ಇಲ್ಲಿಗೆ ಬೇಕು. ಆದರೆ ಹಸ್ತಪ್ರತಿಯಲ್ಲಿ ಲಿಪಿಕಾರನ ಕೈ ಕಾಣುತ್ತದೆ. ಐದು ಜನ ನುಡಿಸಿದ ಕರಡಿನಲ್ಲಿ ಯಾರ ಕೈ ಎಲ್ಲಿ ನಿಂತಿತು ಎಂದು ಹೇಗೆ ಗುರುತಿಸುವುದು? ಅದಕ್ಕೆ ತಕ್ಕ ಕ್ರಮ ನನ್ನಲ್ಲಿಲ್ಲ. ಆದರೆ ಬ್ಯಾಂಡಿನ ಇಂದಿನ ರೂಪದಲ್ಲಿ ಒಂದು ಸುಳಿವಿರಬಹುದು. ಅದರಲ್ಲಿ ಆರಂಭದಿಂದ ಇಂದಿನವರೆಗೆ ಉಳಿದವರು ಟ್ವೀಡಿ ಮತ್ತು ಬೇಸ್ ವಾದಕ ಜಾನ್ ಸ್ಟಿರಟ್ ಇಬ್ಬರೇ. 2004ರಿಂದ ಈಚೆಗೆ ಅದೇ ಆರು ಜನ. 2022ರ ‘ಕ್ರೂಯಲ್ ಕಂಟ್ರಿ’ಯನ್ನು ಅವರು ಬಹುಪಾಲು ಒಟ್ಟಿಗೆ ನುಡಿಸಿಯೇ ಧ್ವನಿಮುದ್ರಿಸಿದರು. ಉತ್ತರ ಹುಡುಕುವವರು ಅಲ್ಲಿಂದ ಹಿಂದಕ್ಕೆ ಕೇಳುತ್ತ ಬರಬೇಕೇನೋ.

ಸಂಘಟಕರಲ್ಲಿ ಒಂದೇ ವಿನಂತಿ. ಇಂದು ಪ್ರಬಂಧ ಮಂಡಿಸುವವರೆಲ್ಲ ತಾವು ಚರ್ಚಿಸುವ ಹಾಡನ್ನು ಮೊದಲು ಪೂರ್ತಿ ಕೇಳಿಸಲಿ. ಅದಕ್ಕಾಗಿ ಅವರಿಗೆ ಐದು ನಿಮಿಷ ಹೆಚ್ಚು ಕೊಡಿ. ಬೇಕಾದರೆ ನನ್ನ ಭಾಷಣದಲ್ಲಿ ಉಳಿದಿರುವ ಸಮಯವನ್ನು ಅವರಿಗೆ ಹಂಚಿ.