ಮಕ್ಕಳ ಈಜುಪಾಠ: ಹಳೆಯ ಕ್ರಮ, ಹೊಸ ಏರ್ಪಾಡು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವಾರ್ಷಿಕೋತ್ಸವವೆಂದರೆ ಸಾಹಿತ್ಯವನ್ನು ಕುರಿತೋ ಗಡಿನಾಡಿನ ಹಕ್ಕುಗಳನ್ನು ಕುರಿತೋ ಮಾತನಾಡುವುದು ರೂಢಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಆ ಮಾತುಗಳನ್ನು ಆಡುತ್ತ ಬಂದಿದ್ದೇವೆ, ಮುಂದೆಯೂ ಆಡಬೇಕಾಗಿದೆ. ಆದರೆ ಇಂದು ಕಾರ್ಯಕಾರಿ ಸಮಿತಿಯವರು ನಮಗೆ ಒಪ್ಪಿಸಿರುವ ವಿಷಯ ಬೇರೆ. ಸಂಘದ ಆಶ್ರಯದಲ್ಲಿ ಬೇಸಗೆಯ ರಜೆಯಲ್ಲಿ ನಮ್ಮೂರ ಕೆರೆಯಲ್ಲಿ ನಡೆಯುತ್ತ ಬಂದ ಮಕ್ಕಳ ಈಜುಪಾಠಗಳಲ್ಲಿ ಈ ವರ್ಷದಿಂದ ಕೆಲವು ಮಾರ್ಪಾಡುಗಳಾಗಲಿವೆ. ಅವು ಯಾವುವು, ಏಕೆ ಬೇಕಾದುವು, ಅವುಗಳಿಂದ ನಮಗೆ ಬರುವ ಹೊಣೆಯೇನು ಎಂಬುದನ್ನು ತಂದೆತಾಯಿಗಳ ಮುಂದೆ ನಿವೇದಿಸುವುದೇ ಈ ಭಾಷಣದ ಉದ್ದೇಶ.

ನಮ್ಮದು ನೀರಿನ ನಾಡು. ಕೇರಳದ 44 ನದಿಗಳಲ್ಲಿ ಹನ್ನೆರಡು ಹೊಳೆಗಳು ಈ ಒಂದು ಜಿಲ್ಲೆಯಲ್ಲಿಯೇ ಇವೆಯೆಂದು ಎಣಿಸುವುದು ವಾಡಿಕೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಪಯಸ್ವಿನಿಯೆನಿಸಿ ಹರಿದುಬರುವ ಚಂದ್ರಗಿರಿ, ಮಧೂರಿನ ದೇವಾಲಯದ ಮಗ್ಗುಲಲ್ಲಿ ಸಾಗುವ ಮಧುವಾಹಿನಿ, ಶಿರಿಯ, ಉಪ್ಪಳ, ಮೊಗ್ರಾಲು, ಇವೆಲ್ಲ ನಮ್ಮ ಅಂಗಳದ ಹೊಳೆಗಳು. ಅನಂತಪುರದಲ್ಲಿ ದೇವರೇ ಸರೋವರದ ನಡುವೆ ನೆಲೆಸಿದ್ದಾನೆ. ಕೆರೆ, ಕೊಳ, ಮದಕ, ತೋಡು, ಹಳ್ಳ, ಹೊಳೆ, ಅಳಿವೆ, ಕಡಲು ಎಂದು ನೀರಿಗೆ ನಾವು ಇಟ್ಟುಕೊಂಡ ಹೆಸರುಗಳೇ ನಮ್ಮ ಬಾಳು ನೀರಿನೊಡನೆ ಎಷ್ಟು ಹೆಣೆದುಕೊಂಡಿದೆಯೆಂಬುದಕ್ಕೆ ಸಾಕ್ಷಿ. ಈಚಿನ ದಶಕಗಳಲ್ಲಿ ಈ ಪಟ್ಟಿಗೆ ಇನ್ನೊಂದು ಸೇರಿದೆ: ಕೆಂಪುಕಲ್ಲು ಕಡಿದು ಬಿಟ್ಟುಹೋದ ಕೋರೆಗಳು. ಮಳೆಗಾಲದಲ್ಲಿ ಅವು ತುಂಬಿ ನಿಲ್ಲುತ್ತವೆ. ಕೆರೆಗೆ ಮೆಟ್ಟಿಲುಂಟು, ಹೊಳೆಗೆ ದಡವುಂಟು; ಕೋರೆಗೆ ಎರಡೂ ಇಲ್ಲ. ಗೋಡೆಯಂತೆ ನೇರವಾಗಿ ಇಳಿದ ಕಲ್ಲಿನಂಚಿನಿಂದ ಒಮ್ಮೆ ಜಾರಿದ ಮಗುವಿಗೆ ಹಿಡಿದುಕೊಳ್ಳಲು ಒಂದು ಬೇರೂ ಸಿಕ್ಕದು. ಇಂಥ ನಾಡಿನಲ್ಲಿ ಈಜು ಅಲಂಕಾರದ ವಿದ್ಯೆಯಲ್ಲ, ಅಕ್ಷರಾಭ್ಯಾಸದಷ್ಟೇ ಅವಶ್ಯವಾದ ವಿದ್ಯೆ.

ವಿಶ್ವ ಆರೋಗ್ಯ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಕಾಲುಭಾಗದಷ್ಟು ಐದು ವರ್ಷ ತುಂಬದ ಶಿಶುಗಳು. ವಿಶ್ವಸಂಸ್ಥೆಯು 2021ರಲ್ಲಿ ನಿರ್ಣಯವೊಂದನ್ನು ಅಂಗೀಕರಿಸಿ, ಜುಲೈ 25ನ್ನು ಮುಳುಗುಸಾವು ತಡೆಯುವ ದಿನವೆಂದು ಸಾರಿತು. ದೂರದ ಲೆಕ್ಕವೇಕೆ? ನಮ್ಮ ರಾಜ್ಯದಲ್ಲಿಯೇ 2007ರ ಫೆಬ್ರವರಿ 20ರಂದು ತಟ್ಟೇಕ್ಕಾಡಿನಲ್ಲಿ ದೋಣಿ ಮುಳುಗಿ, ವಿಹಾರಕ್ಕೆ ಹೋಗಿದ್ದ 15 ಮಂದಿ ಶಾಲಾಮಕ್ಕಳೂ 3 ಮಂದಿ ಉಪಾಧ್ಯಾಯರೂ ಪೆರಿಯಾರಿನಲ್ಲಿ ಪ್ರಾಣ ಬಿಟ್ಟರು. 2023ರ ಮೇ 7ರಂದು ತಾನೂರಿನಲ್ಲಿ ಅಳತೆ ಮೀರಿ ಜನ ತುಂಬಿದ್ದ ದೋಣಿ ಮಗುಚಿ 22 ಮಂದಿ ಸತ್ತರು. ಅವರಲ್ಲಿಯೂ ಮಕ್ಕಳೇ ಹೆಚ್ಚು. ಈಜೊಂದೇ ಅವರನ್ನು ಉಳಿಸುತ್ತಿತ್ತೆಂದು ಹೇಳುವಂತಿಲ್ಲ. ಅಳತೆ ಮೀರಿದ ದೋಣಿಯನ್ನು ಏರಬಾರದು, ತೇಲುವ ಅಂಗಿಯಿಲ್ಲದೆ ದೋಣಿಯಲ್ಲಿ ಕೂರಬಾರದು ಎಂಬ ವಿವೇಕವೂ ಈಜುಪಾಠದ ಒಂದು ಭಾಗವೇ ಆಗಬೇಕೆಂದು ಹೇಳಬಯಸುತ್ತೇವೆ.

ಇನ್ನು ಹಳೆಯ ಕ್ರಮವನ್ನು ನೋಡೋಣ. ಎರಡು ಒಣ ತೆಂಗಿನಕಾಯಿಗಳನ್ನು ಸಿಪ್ಪೆಯಲ್ಲಿಯೇ ಜೋಡಿಸಿ ಕಟ್ಟಿ ಕಂಕುಳಿಗೆ ಕೊಡುವುದು, ಬಾಳೆದಿಂಡನ್ನೋ ಸೋರೆಬುರುಡೆಯನ್ನೋ ಆತು ಕಾಲು ಬಡಿಯುವುದು, ಹಿರಿಯರೊಬ್ಬರು ಸೊಂಟಕ್ಕೆ ಬೈರಾಸು ಬಿಗಿದು ಹಿಡಿದಿರುವುದು, ಕಡೆಗೊಂದು ದಿನ ಕಾಯಿಯನ್ನು ಕಳಚಿ ಕೈಬಿಡುವುದು, ಇದು ನಮ್ಮ ನಾಡಿನ ಪದ್ಧತಿ. ಇದಕ್ಕೆ ಖರ್ಚಿಲ್ಲ, ಸಲಕರಣೆಗಳೆಲ್ಲ ತೋಟದಲ್ಲಿಯೇ ಉಂಟು. ಕೆರೆಯ ಈ ದಡದಿಂದ ಆ ದಡವನ್ನು ಮುಟ್ಟಿದವನು ಈಜು ಬಲ್ಲವನೆನಿಸುತ್ತಿದ್ದನು. ತಲೆಮಾರುಗಳನ್ನು ನೀರಿಗೆ ಪರಿಚಯಿಸಿದ ಈ ಕ್ರಮಕ್ಕೆ ನಮಸ್ಕಾರ ಸಲ್ಲಬೇಕು. ಹಾಗಿದ್ದರೆ ಬದಲಾವಣೆ ಏತಕ್ಕೆ ಎಂದು ಹಿರಿಯರು ಕೇಳುವುದು ಸಹಜ. ಕಾರಣಗಳು ಮೂರು: ನೀರು ಬದಲಾಗಿದೆ, ಮನೆಗಳು ಬದಲಾಗಿವೆ, ನಮ್ಮ ತಿಳಿವಳಿಕೆಯೂ ಬದಲಾಗಿದೆ.

ಮೊದಲು ನೀರಿನ ಮಾತು. ಅಮೀಬಾದಿಂದ ಬರುವ ಮೆದುಳುಜ್ವರದ ಹೆಸರನ್ನು ತಾವೆಲ್ಲ ಕೇಳಿದ್ದೀರಿ. ಕೇರಳದಲ್ಲಿ ಅದು ಮೊದಲು ಕಾಣಿಸಿದ್ದು 2016ರಲ್ಲಿ, ಆಲಪ್ಪುಳದಲ್ಲಿ. 2024ರಲ್ಲಿಯೂ 2025ರಲ್ಲಿಯೂ ರಾಜ್ಯದ ಹಲವೆಡೆ ತಲೆದೋರಿತು. ಬೆಚ್ಚಗಿನ, ನಿಂತ, ಕೆಸರು ಕದಡಿದ ಸಿಹಿನೀರಿನಲ್ಲಿ ವಾಸಿಸುವ ಈ ಸೂಕ್ಷ್ಮಜೀವಿ ಮೂಗಿನ ಮೂಲಕ ಮೆದುಳನ್ನು ಸೇರುತ್ತದೆ. ನೀರು ಕುಡಿದರೆ ಬರುವ ರೋಗವಲ್ಲ. ಒಬ್ಬರಿಂದೊಬ್ಬರಿಗೆ ಅಂಟುವ ರೋಗವೂ ಅಲ್ಲ. ರೋಗ ಬಲು ಅಪರೂಪ. ಆದರೆ ಅದರ ತೀವ್ರರೂಪಕ್ಕೆ ಸಿಕ್ಕವರಲ್ಲಿ ಜಗತ್ತಿನಾದ್ಯಂತ ನೂರಕ್ಕೆ 97 ಮಂದಿ ಉಳಿದಿಲ್ಲ. 2024ರಲ್ಲಿ ಕೋಳಿಕ್ಕೋಡು ಜಿಲ್ಲೆಯ ಬಾಲಕನೊಬ್ಬನು ಬೇಗನೆ ಚಿಕಿತ್ಸೆ ದೊರೆತುದರಿಂದ ಬದುಕಿ ಬಂದುದು ಸಮಾಧಾನದ ವಾರ್ತೆ. ನಮ್ಮ ಪಾಠಗಳು ನಡೆಯುತ್ತಿದ್ದುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಕೆರೆಯ ನೀರು ತಗ್ಗಿ, ಬಿಸಿಯೇರಿ, ಮಕ್ಕಳ ಕಾಲಿಗೆ ಕೆಸರು ಏಳುವ ಕಾಲವೂ ಅದೇ. ಇದನ್ನು ತಿಳಿದೂ ಹಳೆಯ ಕಾಲಪಟ್ಟಿಯನ್ನೇ ಇಟ್ಟುಕೊಳ್ಳುವುದು ಹೇಗೆ?

ಎರಡನೆಯದು ಮನೆಯ ಮಾತು. ಹಿಂದೆ ಅಣ್ಣ, ಅಕ್ಕ, ಸೋದರಮಾವ, ನೆರೆಮನೆಯವರು ಎಂದು ಕೆರೆಯಲ್ಲಿ ಹತ್ತು ಕಣ್ಣುಗಳಿದ್ದುವು. ಇಂದು ಸ್ನಾನ ಮನೆಯೊಳಗೆ ಸೇರಿದೆ. ಹಿರಿಯರು ಕೆಲಸದ ಮೇಲೆ ಮಂಗಳೂರಿಗೋ ಕೊಲ್ಲಿಯ ನಾಡುಗಳಿಗೋ ಹೋಗಿರುತ್ತಾರೆ. ಕೆರೆಗೆ ಮಕ್ಕಳು ಒಬ್ಬೊಬ್ಬರೇ, ಇಲ್ಲವೆ ತಮ್ಮಷ್ಟೇ ಎಳೆಯರೊಡನೆ ಹೋಗುತ್ತಾರೆ.

ಮೂರನೆಯದು ತಿಳಿವಳಿಕೆಯ ಮಾತು. ಮುಳುಗುವವನು ಕೈಯೆತ್ತಿ ಕೂಗುತ್ತಾನೆಂದು ನಾವು ಭಾವಿಸಿರುತ್ತೇವೆ. ನಿಜವಾಗಿ ಮುಳುಗುವ ಮಗು ಕೂಗುವುದೇ ಇಲ್ಲ. ಉಸಿರಿಗೇ ತಡವರಿಸುವಾಗ ಕೂಗಲು ಉಸಿರೆಲ್ಲಿಯದು? ನೆಟ್ಟಗೆ ನಿಂತಂತೆ ತೋರುತ್ತ ಸದ್ದಿಲ್ಲದೆ ಇಳಿದುಹೋಗುತ್ತದೆ. ಉಸಿರು ನಿಂತು ನಾಲ್ಕೈದು ನಿಮಿಷಗಳಾದರೆ ಮೆದುಳಿಗೆ ಹಾನಿ ತಟ್ಟಲಾರಂಭಿಸುತ್ತದೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನಿಗೆ ಜಲಸ್ತಂಭನ ವಿದ್ಯೆ ಇತ್ತು. ನಮ್ಮ ಮಕ್ಕಳಿಗೆ ಇರುವುದು ಒಂದೆರಡು ಗಳಿಗೆಯ ಉಸಿರು ಮಾತ್ರ.

ಈ ಕಾರಣಗಳಿಂದ ಸಮಿತಿಯು ಮಾಡಿರುವ ಏರ್ಪಾಡುಗಳು ಹೀಗಿವೆ.

ಒಂದನೆಯದಾಗಿ, ಹೊಸದಾಗಿ ಕಲಿಯುವವರ ಪಾಠಗಳು ಏಪ್ರಿಲ್, ಮೇ ತಿಂಗಳುಗಳಲ್ಲಿ ಕೆರೆಯಲ್ಲಿ ನಡೆಯುವುದಿಲ್ಲ. ಕ್ಲೋರಿನ್ ಹಾಕಿ ಶುದ್ಧೀಕರಿಸಿದ ಈಜುಕೊಳಕ್ಕೆ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯಲಾಗುವುದು. ಮಳೆ ನಿಂತು ನೀರು ತಿಳಿಯಾಗಿ ತಂಪಾಗಿರುವ ಡಿಸೆಂಬರ್, ಜನವರಿಗಳ ಭಾನುವಾರಗಳಲ್ಲಿ ಕೆರೆಯ ಅಭ್ಯಾಸ. ಆಗಲೂ ಮೂಗಿಗೆ ಕ್ಲಿಪ್ಪು ಕಡ್ಡಾಯ. ಮೇಲಿನಿಂದ ಧುಮುಕುವುದು, ಕೆಸರು ಕದಡುವುದು ನಿಷಿದ್ಧ. ನೀರಿಗಿಳಿದ ಕೆಲವು ದಿನಗಳೊಳಗೆ ಮಗುವಿಗೆ ಜ್ವರ, ತೀವ್ರ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಕಾಣಿಸಿದರೆ ಕೂಡಲೇ ಆಸ್ಪತ್ರೆಗೆ ಒಯ್ದು, ನೀರಿಗಿಳಿದ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಎರಡನೆಯದಾಗಿ, ಆರು ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ. ಒಬ್ಬ ಶಿಕ್ಷಕರಿಗೆ ಐವರಿಗಿಂತ ಹೆಚ್ಚು ಮಕ್ಕಳಿಲ್ಲ. ಅಪಸ್ಮಾರ, ಕಿವಿಸೋರುವಿಕೆ ಮೊದಲಾದುವುಗಳಿದ್ದರೆ ವೈದ್ಯರ ಅಭಿಪ್ರಾಯ ಪಡೆದು ಬರಬೇಕು. ನೀರಿನಲ್ಲಿ ಒಬ್ಬರನ್ನೊಬ್ಬರು ಅದುಮುವ ಕುಚೋದ್ಯಕ್ಕೆ ಎಡೆಯಿಲ್ಲ. ಬಾಲ್ಯದಲ್ಲಿ ಭೀಮನು ಕೌರವ ಬಾಲಕರನ್ನು ಹತ್ತು ಹತ್ತಾಗಿ ತಬ್ಬಿ ನೀರಿನಲ್ಲಿ ಮುಳುಗಿಸಿ ಹಿಡಿಯುತ್ತಿದ್ದನೆಂದು ಭಾರತದ ಆದಿಪರ್ವ ಹೇಳುತ್ತದೆ. ಆ ಆಟ ಬಿತ್ತಿದ ವೈರ ಎಲ್ಲಿಗೆ ಮುಟ್ಟಿತೆಂಬುದನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದಾಗಿ, ಪಾಠದ ಅನುಕ್ರಮ ಬದಲಾಗಿದೆ. ಮೊದಲು ಉಸಿರಿನ ಹಿಡಿತ, ಆಮೇಲೆ ತೇಲುವುದು, ಆಮೇಲೆ ಕಾಲಾಟ, ಕಡೆಯಲ್ಲಿ ಕೈಬೀಸು. ಶ್ವಾಸಕೋಶ ತುಂಬ ಗಾಳಿಯಿರುವಾಗ ನಮ್ಮ ದೇಹ ನೀರಿಗಿಂತ ತುಸು ಹಗುರ. ಮೈಯನ್ನು ಸಡಿಲಿಸಿ ಬೆನ್ನಮೇಲೆ ಒರಗಿದವನನ್ನು ನೀರು ತಾನೇ ಹೊರುತ್ತದೆ. ಈ ನಂಬಿಕೆ ಬಂದ ಮಗುವಿಗೆ ಗಾಬರಿಯಿಲ್ಲ. ಗಾಬರಿಯಿಲ್ಲದ ಮಗುವಿಗೆ ಈಜು ಕಷ್ಟವಲ್ಲ. ಪರೀಕ್ಷೆಯೂ ಇನ್ನು ಕೆರೆ ದಾಟುವುದಲ್ಲ. ತೊಟ್ಟ ಉಡುಪಿನಲ್ಲಿಯೇ ನೀರಿಗಿಳಿದು 30 ಸೆಕೆಂಡು ತೇಲಿ, 25 ಮೀಟರು ಈಜಿ ಮೆಟ್ಟಿಲು ಹಿಡಿಯುವುದು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಊರಿನ ಕೊಳದೊಳಗೇ ಬಿದಿರಿನ ಅಟ್ಟಣೆ ಕಟ್ಟಿ ಇದೇ ಬಗೆಯ ಗುರಿಯಿಟ್ಟು ಮಕ್ಕಳಿಗೆ ಕಲಿಸಿ, ಮುಳುಗುಸಾವುಗಳನ್ನು ಬಹುವಾಗಿ ತಗ್ಗಿಸಿದ್ದಾರೆ. ಅಂಥ ಅಟ್ಟಣೆಯೊಂದನ್ನು ನಮ್ಮ ಕೆರೆಯಲ್ಲಿಯೂ ಕಟ್ಟಬೇಕೆಂದು ಸಮಿತಿ ನಿಶ್ಚಯಿಸಿದೆ. ಬಿದಿರು ನಮ್ಮಲ್ಲಿ ದುರ್ಲಭವಲ್ಲ.

ನಾಲ್ಕನೆಯದಾಗಿ, ರಕ್ಷಣೆಯ ಪಾಠ. ಮುಳುಗುವ ಗೆಳೆಯನ ಕಡೆಗೆ ಮಗು ಧುಮುಕಬಾರದು. ಒಬ್ಬನು ಹೋಗುವೆಡೆಯಲ್ಲಿ ಇಬ್ಬರು ಹೋದಂತಾಗುತ್ತದೆ. ದಡದಲ್ಲಿ ಮಲಗಿ ದೋಟಿಯನ್ನೋ ತೆಂಗಿನ ಮಡಲನ್ನೋ ಚಾಚಬೇಕು. ಹಗ್ಗ, ಮುಂಡು, ಸೀರೆ, ಮುಚ್ಚಳ ಬಿಗಿದ ಬರಿಯ ಕೊಡ, ಕೈಗೆ ಸಿಕ್ಕಿದುದನ್ನು ಎಸೆಯಬೇಕು. ಗಟ್ಟಿಯಾಗಿ ಕೂಗಿ ದೊಡ್ಡವರನ್ನು ಕರೆಯಬೇಕು. ಮೇಲೆತ್ತಿದವರನ್ನು ತಲೆಕೆಳಗಾಗಿ ತಿರುಗಿಸುವುದನ್ನೂ ಹೊಟ್ಟೆ ಅದುಮಿ ನೀರು ಕಕ್ಕಿಸುವುದನ್ನೂ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಉಸಿರಾಟ ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರೂಡಬೇಕು. ಬಳಿಕ 30 ಸಲ ಎದೆ ಒತ್ತುವುದು, 2 ಸಲ ಉಸಿರೂಡುವುದು, ಈ ಕ್ರಮವನ್ನು ಬಿಡದೆ ನಡೆಸುತ್ತ 108ಕ್ಕೆ ಕರೆಮಾಡಿಸಬೇಕು. ಇದು ತಂದೆತಾಯಿಗಳೂ ಕಲಿಯಬೇಕಾದ ಪಾಠ. ಅವರಿಗಾಗಿ ಒಂದು ದಿನವನ್ನು ಮೀಸಲಿಡಲಾಗಿದೆ.

ಐದನೆಯದು, ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದುದು: ಹೆಣ್ಣುಮಕ್ಕಳ ಪಾಠ. ಹತ್ತು ವರ್ಷ ದಾಟಿತೆಂದರೆ ಹುಡುಗಿಯರು ಕೆರೆಯಿಂದ ಮರೆಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ನೀರು ಗಂಡು ಹೆಣ್ಣೆಂದು ನೋಡುವುದಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಈಜಿದ ಬಂಗಾಳದ ಬಾಲಿಕೆ ಆರತಿ ಸಾಹಾ 1959ರ ಸೆಪ್ಟೆಂಬರ್ 29ರಂದು ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿ, ಆ ಸಾಹಸ ಮಾಡಿದ ಏಷ್ಯದ ಮೊದಲ ಮಹಿಳೆಯೆನಿಸಿದರು. 2000ದ ಸಿಡ್ನಿ ಒಲಿಂಪಿಕ್ಸಿಗೆ ಬೆಂಗಳೂರಿನ ನಿಶಾ ಮಿಲ್ಲೆಟ್ ಹೋದರು. ನಮ್ಮ ಹುಡುಗಿಯರು ಕಾಲುವೆ ದಾಟಬೇಕಾಗಿಲ್ಲ. ಜಾರಿ ಬಿದ್ದ ತೋಡಿನಿಂದ ಎದ್ದು ಬಂದರೆ ಸಾಕು. ಅವರಿಗಾಗಿ ಬೇರೆಯ ವೇಳೆ, ಸ್ತ್ರೀ ಶಿಕ್ಷಕಿಯರು, ಉಡುಪು ಬದಲಿಸಲು ಮರೆಯಾದ ಸ್ಥಳ, ಎಲ್ಲವನ್ನೂ ಸಮಿತಿ ಏರ್ಪಡಿಸುತ್ತದೆ. ಕಳುಹಿಸುವ ಮನಸ್ಸನ್ನು ಮಾತ್ರ ತಾಯಂದಿರು ಮಾಡಬೇಕು.

ಕೊಳದ ಶಿಕ್ಷಕರು ಮಲಯಾಳವನ್ನಾಡುವವರು; ಇದರಲ್ಲಿ ಕನ್ನಡದ ಕೆಲಸವೇನಿದೆಯೆಂದು ಕೆಲವರು ಕೇಳಿದ್ದಾರೆ. ಉತ್ತರ ಸರಳ. ನೀರಿನಲ್ಲಿ ಹೆದರಿದ ಮಗುವಿಗೆ ಮನೆಮಾತೇ ಮೊದಲ ಆಸರೆ. ಆದಕಾರಣ ಪ್ರತಿಯೊಂದು ತಂಡದೊಡನೆಯೂ ಕನ್ನಡ ಬಲ್ಲ ಒಬ್ಬ ಸಹಾಯಕರು ನೀರಿಗಿಳಿಯುತ್ತಾರೆ. ಹಾಗೆಂದು ಪಾಠ ಕನ್ನಡ ಮನೆಗಳಿಗೆ ಮಾತ್ರ ಮೀಸಲಲ್ಲ. ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಯಾವ ಮನೆಮಾತಿನ ಮಗುವೂ ಬರಬಹುದು. ಕನ್ನಡದ ಈಜು, ಹಳಗನ್ನಡದ ಈಸು, ತುಳುವಿನ ನೀಂದುನಿ, ಮಲಯಾಳದ ನೀಂದುಕ, ಇವೆಲ್ಲ ಒಂದೇ ಬೇರಿನ ಚಿಗುರುಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಬೇರು ಒಂದಾಗಿರುವಾಗ ಕೆರೆಯ ಮೆಟ್ಟಿಲಲ್ಲಿ ಭೇದವೇಕೆ? ಗಡಿಯೆಂಬುದು ನೆಲದ ಮೇಲಿನ ಗೆರೆ. ನೀರಿನ ಮೇಲೆ ಗೆರೆ ನಿಲ್ಲದು.

ಬಸ್ಸಿನ ಬಾಡಿಗೆ, ಕೊಳದ ಶುಲ್ಕ ಇವು ಹೊಸ ಹೊರೆ ಎಂಬ ಆಕ್ಷೇಪ ನ್ಯಾಯವಾದುದೇ. ಕೆರೆಯಲ್ಲಿ ಉಚಿತವಾಗಿದ್ದ ವಿದ್ಯೆ ಕೊಳ್ಳಬಲ್ಲವರ ವಿದ್ಯೆಯಾಗಿಬಿಟ್ಟರೆ ನಮ್ಮ ಏರ್ಪಾಡು ಸೋತಂತೆಯೇ. ಆದುದರಿಂದ ಕೂಲಿನಾಲಿ ಮಾಡುವ ಮನೆಗಳ ಮಕ್ಕಳಿಂದ ಏನನ್ನೂ ತೆಗೆದುಕೊಳ್ಳಬಾರದೆಂದೂ, ಅನುಕೂಲಸ್ಥರು ತಮ್ಮ ಮಗುವಿನೊಡನೆ ಇನ್ನೊಂದು ಮಗುವಿನ ಖರ್ಚನ್ನು ವಹಿಸಿಕೊಳ್ಳಬೇಕೆಂದೂ ನಾವು ಪ್ರಾರ್ಥಿಸುತ್ತೇವೆ. ಹಣ ಕೊಡಲಾರದವರು ಬಿದಿರು ಕೊಡಲಿ, ಹಗ್ಗ ಹೊಸೆಯಲಿ, ಭಾನುವಾರ ಎರಡು ಗಂಟೆ ಕೆರೆದಂಡೆಯಲ್ಲಿ ಕಾವಲು ನಿಲ್ಲಲಿ. ಬಿಟ್ಟುಹೋದ ಕೋರೆಗಳಿಗೆ ಬೇಲಿ ಹಾಕಿಸುವಂತೆ ಪಂಚಾಯತಿಗೆ ಕೊಡುವ ಮನವಿಪತ್ರ ಈ ಮಂಟಪದ ಬಾಗಿಲಲ್ಲಿದೆ. ಸಭೆ ಮುಗಿದ ಮೇಲೆ ಎಲ್ಲರೂ ರುಜು ಹಾಕಬೇಕು.

ಭಾಷೆ ಉಳಿಯಬೇಕಾದರೆ ಅದನ್ನು ಆಡುವ ಮಕ್ಕಳು ಉಳಿಯಬೇಕು. ಪುಸ್ತಕ, ಶಾಲೆ, ಸಂಘ ಎಲ್ಲವೂ ಆಮೇಲಿನ ಮಾತು. ನಮ್ಮ ಊರಿನ ಯಾವ ಮಗುವೂ ನೀರಿಗೆ ಆಹುತಿಯಾಗದಿರಲಿ, ಯಾವ ಮಗುವೂ ನೀರಿಗೆ ಅಂಜಿ ದೂರ ನಿಲ್ಲದಿರಲಿ ಎಂದು ಹಾರೈಸಿ ಮಾತನ್ನು ಮುಗಿಸುತ್ತೇವೆ.

ಜಯ ಕನ್ನಡ.